ಮಗಳಿಗೊಂದು ಪತ್ರ: ಹೊರಲಾಗುವಷ್ಟೇ ಬೆಳಕು

ಡೊಂಬಿವಲಿ

ಪ್ರೀತಿಯ ಪುಟ್ಟಿ,

ಮದುವೆ ಫೋಟೊ ತೆಗೆಯಲು ಕೊಳ್ಳುತ್ತೇನೆ ಅಂತ ನೀನು ಕಳಿಸಿದ ಆ ದೊಡ್ಡ ಫ್ಲ್ಯಾಶ್ ಲೈಟಿನ ಲಿಂಕ್ ನೋಡಿದೆ. ಅಪ್ಪನಿಗೂ ತೋರಿಸಿದೆ. ಬೆಲೆ ನೋಡಿದವರೇ ಏನೂ ಮಾತಾಡದೆ ಚಹಾ ಇಡಲು ಒಳಗೆ ಹೋದರು, ಹಾಗಾಗಿ ಉತ್ತರ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಫೋನಿನಲ್ಲಿ ಹೇಳಿದರೆ ಎರಡನೇ ಮಾತಿಗೇ "ಗೊತ್ತಮ್ಮಾ" ಅನ್ನುತ್ತೀಯ. ಪತ್ರವಾದರೆ ನಡುವೆ ಬಾಯಿ ಹಾಕುವಂತಿಲ್ಲ.

ಆ 600 ವ್ಯಾಟ್-ಸೆಕೆಂಡ್ ಶಕ್ತಿಯ ಲೈಟ್ ಈಗ ಬೇಡ. 200ರದ್ದು ಎರಡು ತೆಗೆದುಕೋ.

600 ಅಂದರೆ 200ರ ಮೂರು ಪಟ್ಟು ಅಂತ ಕಿವಿಗೆ ದೊಡ್ಡದಾಗಿ ಕೇಳುತ್ತದೆ, ಆದರೆ ಕ್ಯಾಮೆರಾದ ಲೆಕ್ಕದಲ್ಲಿ ಅದು ಬರೀ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಕ್ಯಾಮೆರಾದ ಬೆಳಕು ಹಿಡಿಯುವ ಶಕ್ತಿ, ಅಂದರೆ ಐಎಸ್‌ಒ 200 ಇದ್ದದ್ದನ್ನು 640ಕ್ಕೆ ಏರಿಸಿದರೆ ಆ ವ್ಯತ್ಯಾಸ ಅಲ್ಲಿಗೇ ಮುಗಿಯಿತು. ಈಗಿನ ಕ್ಯಾಮೆರಾಗಳಲ್ಲಿ 640ರ ಗ್ರೇನ್, ಆ ಮರಳು ಮರಳು ಚುಕ್ಕೆ, ಯಾವ ಅತ್ತೆಯ ಕಣ್ಣಿಗೂ ಬೀಳುವುದಿಲ್ಲ. ಅಷ್ಟಕ್ಕೋಸ್ಕರ ನೀನು ಸುಮಾರು ಮೂರು ಕಿಲೋದ ಲೈಟ್, ಅದನ್ನು ತಡೆಯುವ ಭಾರದ ಸ್ಟ್ಯಾಂಡ್, ಆ ಸ್ಟ್ಯಾಂಡ್ ಬೀಳದ ಹಾಗೆ ಮರಳಿನ ಚೀಲ, ಇಷ್ಟನ್ನೂ ಹೊತ್ತುಕೊಂಡು ಪುಣೆಯಿಂದ ಬಂದು ದಾದರಿನಲ್ಲಿ ಇಳಿದು, ಮೆಟ್ಟಿಲು ಹತ್ತಿ, ಕುರ್ಲಾದ ಲೋಕಲ್ ಹಿಡಿಯಬೇಕು. ಬೆಳಿಗ್ಗೆಯ ಲೇಡೀಸ್ ಡಬ್ಬಿಯಲ್ಲಿ ಲೈಟ್ ಸ್ಟ್ಯಾಂಡ್ ಹಿಡಿದು ನಿಂತವಳಿಗೆ ಏನೇನು ಬೈಗುಳ ಸಿಗುತ್ತದೆ ಅಂತ ನಾನು ಬಲ್ಲೆ. ಕಾರು ಮಾಡಿಕೊಂಡು ಹೋಗುತ್ತೇನೆ ಅನ್ನುತ್ತೀಯ. ಹೋಗು. ಆ ದುಡ್ಡು ನಿನ್ನ ಪ್ಯಾಕೇಜಿನಿಂದಲೇ ಕಳೆಯುತ್ತದೆ. ಈಗ ನೀನು ಹೇಳಿರುವ ರೇಟಿನಲ್ಲಿ ಕಳೆಯಲು ಜಾಸ್ತಿ ಏನೂ ಇಲ್ಲ ಅಲ್ವಾ?

ಸಣ್ಣದು ಎರಡಿದ್ದರೆ ಎರಡು ಕಡೆ ಇಡಬಹುದು. ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ಮದುವೆ ಮುಗಿಸಬಹುದು. ದೊಡ್ಡದು ಒಂದೇ ಇದ್ದು ಧಾರೆಯ ಹೊತ್ತಿಗೆ ಅದು ಹೊಡೆಯದೇ ಹೋದರೆ ಪುರೋಹಿತರು ನಿನಗೋಸ್ಕರ ಮುಹೂರ್ತ ಮುಂದಕ್ಕೆ ಹಾಕುವುದಿಲ್ಲ.

ಭಾರ ಹೊರುವ ವಿಷಯ ಬಂದಾಗೆಲ್ಲ ನನಗೆ ಹೋಮಾಯಿ ವ್ಯಾರಾವಾಲಾ ನೆನಪಾಗುತ್ತಾರೆ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಅಂತ ಹೆಸರಾದವರು, 1913ರಲ್ಲಿ ಹುಟ್ಟಿ ಇದೇ ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟಿನಲ್ಲಿ ಓದಿದವರು. ದಿಲ್ಲಿಯಲ್ಲಿ ಸೀರೆ ಉಟ್ಟು, ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಪದ್ಮವಿಭೂಷಣ ಕೊಟ್ಟದ್ದು 2011ರಲ್ಲಿ, ಅವರಿಗೆ 97 ಆದ ಮೇಲೆ! ಸರ್ಕಾರ ನಿಧಾನ, ಬಿಡು.

ನಾನು ಶುರು ಮಾಡಿದಾಗ ಕ್ಯಾಮೆರಾದ ಪಕ್ಕಕ್ಕೆ ಹಿಡಿಕೆಯ ಹಾಗೆ ಕೂರುವ ಫ್ಲ್ಯಾಶ್ ಇತ್ತು. ಹಿಂದೆ ಸ್ಕ್ರೀನ್ ಇಲ್ಲ. ಲ್ಯಾಬಿನಿಂದ ಪ್ರಿಂಟ್ ಬರುವವರೆಗೆ ಮದುವೆ ಸಿಕ್ಕಿದೆಯೋ ಇಲ್ಲವೋ ಗೊತ್ತಿಲ್ಲ. ಹಾಗಾಗಿ ಫ್ಲ್ಯಾಶಿನ ಶಕ್ತಿ ಹೇಳುವ ಗೈಡ್ ನಂಬರ್ ಬಾಯಿಪಾಠ ಇರಬೇಕಿತ್ತು. ಐಎಸ್‌ಒ 100ಕ್ಕೆ ಗೈಡ್ ನಂಬರ್ 45 ಅಂದರೆ, ಐದೂವರೆ ಮೀಟರ್ ದೂರದ ಮುಖಕ್ಕೆ ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಫ್ 8. ಭಾಗಾಕಾರ ಅಷ್ಟೇ. ನಿಮಗೆ ಟಿಟಿಎಲ್ ಬಂದಿದೆ, ಕ್ಯಾಮೆರಾನೇ ಲೆಕ್ಕ ಹಾಕುತ್ತದೆ. ಆದರೆ ಅದಕ್ಕೆ ಮದುಮಗನ ಬಿಳಿ ಪಂಚೆ ಕಂಡರೆ "ಬೆಳಕು ಜಾಸ್ತಿಯಾಯಿತು" ಅನ್ನಿಸುತ್ತದೆ, ಮುಖ ಕಪ್ಪಗಾಗುತ್ತದೆ. ಆರತಕ್ಷತೆಯಲ್ಲಿ ಅವನೇ ಕರೀ ಕೋಟು ಹಾಕಿ ನಿಂತರೆ ಉಲ್ಟಾ, ಮುಖ ಸುಣ್ಣ. ಮಂಟಪದಲ್ಲಿ ಲೈಟೂ ಅಲ್ಲಾಡುವುದಿಲ್ಲ, ಜೋಡಿಯೂ ಅಲ್ಲಾಡುವುದಿಲ್ಲ, ಅಲ್ಲಿ ಮ್ಯಾನುಯಲ್ ಇಟ್ಟುಬಿಡು. ಊಟದ ಹಾಲಿನಲ್ಲಿ ಓಡಾಡಿಕೊಂಡು ತೆಗೆಯುವಾಗ ಟಿಟಿಎಲ್ ಸಾಕು.

ಹಾಲ್ ಯಾವುದೇ ಇರಲಿ, ಕುರ್ಲಾದ ಬಂಟರ ಭವನವಾಗಲಿ, ಮಾಟುಂಗದ ಮೈಸೂರು ಅಸೋಸಿಯೇಶನ್ ಆಗಲಿ, ಹಿಂದಿನ ದಿನವೇ ಹೋಗಿ ತಲೆ ಎತ್ತಿ ಸೀಲಿಂಗ್ ನೋಡು. ಬಿಳಿ, ತಗ್ಗಿನ ಸೀಲಿಂಗ್ ಇದ್ದರೆ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಹೊಡೆದರೂ ಅರ್ಧ ಕೆಲಸ ಆಯಿತು. ಎತ್ತರದ್ದೋ, ಬಣ್ಣದ್ದೋ, ಬಟ್ಟೆ ಕಟ್ಟಿದ್ದೋ ಆದರೆ ಆ ಆಸೆ ಬಿಡು, ಬಣ್ಣದ ಬಟ್ಟೆಗೆ ಬಡಿದು ಬಂದ ಬೆಳಕು ಮುಖಕ್ಕೂ ಆ ಬಣ್ಣ ಬಳಿಯುತ್ತದೆ. ಆಗ ಒಂದು ಲೈಟನ್ನು ಸ್ಟೇಜಿನ ಮೂಲೆಯಲ್ಲಿ ಬಿಳಿ ಕೊಡೆ ಹಾಕಿ ತಲೆಗಿಂತ ಮೇಲೆ ಏರಿಸು, ಇನ್ನೊಂದನ್ನು ಎದುರು ಮೂಲೆಯಿಂದ ಹಿಂಬದಿಗೆ ಸಣ್ಣಗೆ ಬಿಡು. ಮದುಮಗಳ ಕೂದಲು, ಮಲ್ಲಿಗೆ, ಸೀರೆಯ ಅಂಚು ಎಲ್ಲ ಹಿಂದಿನ ಗೋಡೆಯಿಂದ ಬಿಡಿಸಿಕೊಂಡು ನಿಲ್ಲುತ್ತವೆ.

ಬೆಳಕಿನ ಬಣ್ಣದ ಅಳತೆಯಲ್ಲಿ ಹಾಲಿನ ಹಳದಿ ದೀಪಗಳು 3200 ಕೆಲ್ವಿನ್ ಆಸುಪಾಸು, ನಿನ್ನ ಫ್ಲ್ಯಾಶ್ 5600. ಹಾಗೇ ಬಿಟ್ಟರೆ ಮುಖ ಒಂದು ಬಣ್ಣ, ಹಿಂದಿನವರೆಲ್ಲ ಕಾಮಾಲೆ ಆದವರ ಹಾಗೆ. ಫ್ಲ್ಯಾಶಿಗೆ ಕಿತ್ತಳೆ ಜೆಲ್ (ಬಣ್ಣದ ತೆಳು ಹಾಳೆ) ಹಾಕು, ಎರಡೂ ಒಂದೇ ದಾರಿಗೆ ಬರುತ್ತವೆ. ಇನ್ನು ಎಲ್‌ಇಡಿ ದೀಪಗಳ ಕಾಟ. ನಮ್ಮ ಕರೆಂಟು 50 ಹರ್ಟ್ಸ್, ಕಳಪೆ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಫೋಟೊದಲ್ಲಿ ಪಟ್ಟೆ ಪಟ್ಟೆ ಬರುತ್ತದೆ. ಅಲ್ಲಿ ಶಟರ್ 1/100 ಸೆಕೆಂಡಿನಲ್ಲೇ ಇರಲಿ. ಸೈಲೆಂಟ್ ಶಟರ್ ಹಾಕಿಕೊಂಡು ಜಾಣತನ ತೋರಿಸಬೇಡ, ಪಟ್ಟೆಯೂ ಜಾಸ್ತಿ, ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶೂ ಹೊಡೆಯುವುದಿಲ್ಲ.

ಇನ್ನೊಂದು. ಹುಡುಗನ ಕಡೆಯವರು ಬೇರೆ ಫೋಟೊಗ್ರಾಫರನ್ನು ಕರೆದಿದ್ದು, ಅವನೂ ದೂರದಿಂದ ಲೈಟ್ ಹೊಡೆಸುವ, ನಿನ್ನದೇ ಕಂಪನಿಯ ಟ್ರಿಗರ್ ಹಿಡಿದಿದ್ದರೆ, ಅವನು ಕ್ಲಿಕ್ ಮಾಡಿದಾಗೆಲ್ಲ ನಿನ್ನ ಲೈಟ್ ಹೊಡೆದು ಬ್ಯಾಟರಿ ಖಾಲಿಯಾಗುತ್ತದೆ. ಮೊದಲೇ ಚಾನೆಲ್ ಬದಲಿಸಿ ಐಡಿ ಹಾಕಿಕೋ. ವಿಡಿಯೊದವರ ಹತ್ತಿರವೂ ಬೆಳಿಗ್ಗೆ ಒಂದು ಚಹಾ ಕುಡಿದು ಮಾತಾಡು. ಅವರ ದೊಡ್ಡ ಎಲ್‌ಇಡಿ ಸದಾ ಮದುಮಗಳ ಹಣೆಯ ನೇರಕ್ಕೇ ಇರುತ್ತದೆ. ಪಾಪ, ಆ ಹುಡುಗಿ ಮೂರು ಗಂಟೆ ಕಣ್ಣು ಕಿರಿದು ಮಾಡಿಕೊಂಡೇ ಮದುವೆಯಾಗುತ್ತಾಳೆ. ಸ್ವಲ್ಪ ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ ಇಡಿಸು, ಅವರಿಗೂ ಒಳ್ಳೆಯದೇ.

ಗ್ರೂಪ್ ಫೋಟೊದ ಲೆಕ್ಕ ಕೇಳಿದ್ದೆ ಅಲ್ವಾ, ಹಿಂದಿನ ಸಾಲಿನ ಚಿಕ್ಕಪ್ಪಂದಿರು ಯಾಕೆ ಕಪ್ಪಗೆ ಬರುತ್ತಾರೆ ಅಂತ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಲೈಟ್ ಮುಂದಿನ ಸಾಲಿನಿಂದ ಎರಡು ಮೀಟರ್, ಹಿಂದಿನ ಸಾಲಿನಿಂದ ಮೂರು ಮೀಟರ್ ಇದ್ದರೆ ಹಿಂದಿನವರಿಗೆ ಸಿಗುವುದು ಅರ್ಧಕ್ಕಿಂತ ಕಡಿಮೆ. ಅದೇ ಲೈಟನ್ನು ಹಿಂದೆ ಎಳೆದು ಐದು, ಆರು ಮೀಟರ್ ಮಾಡು, ಹಿಂದಿನವರಿಗೂ ನೂರಕ್ಕೆ 70ರಷ್ಟು ಸಿಗುತ್ತದೆ. ಮೇಲಕ್ಕೆ ಏರಿಸಿದರೆ ಇನ್ನೂ ಒಳ್ಳೆಯದು, ಮುಂದಿನವರ ತಲೆಯ ನೆರಳು ಹಿಂದಿನವರ ಮೇಲೆ ಬೀಳುವುದಿಲ್ಲ, ಅಜ್ಜಂದಿರ ಕನ್ನಡಕದಲ್ಲಿ ಕೊಡೆಯೂ ಕಾಣುವುದಿಲ್ಲ. ಇಲ್ಲಿ 600 ಇದ್ದರೆ ಚೆನ್ನಾಗಿರುತ್ತಿತ್ತು ಅಂತ ನೀನು ಅನ್ನಬಹುದು. ಎರಡೂ 200ನ್ನು ಒಂದೇ ಕಡೆಯಿಂದ ಹೊಡೆ, ಸಾಕು.

ಪೋರ್ಟ್ರೇಟ್ ವಿಷಯಕ್ಕೆ ಬರುತ್ತೇನೆ, ಇಲ್ಲೇ ನನಗೆ ನಿನ್ನ ಮೇಲೆ ಸ್ವಲ್ಪ ಸಿಟ್ಟಿರುವುದು. ನೀನು ಹೋದ ವಾರ ಕಳಿಸಿದ ಆ ಹುಡುಗಿಯ ಫೋಟೊ ನೋಡಿದೆ. ಅವಳದು ಚಂದದ ಎಣ್ಣೆಗೆಂಪು ಬಣ್ಣ, ನೀನು ಅವಳನ್ನು ಹಾಲಿನಲ್ಲಿ ಅದ್ದಿ ತೆಗೆದಿದ್ದೀಯ. ಅವರ ಮನೆಯವರೇ "ಸ್ವಲ್ಪ ಬೆಳ್ಳಗೆ ಮಾಡಿ" ಅಂದಿರಬಹುದು, ನನಗೂ ಅನ್ನುತ್ತಾರೆ, ಎಡಿಟಿಂಗಿನವರಿಗೆ ಅದು ರೂಢಿಯೇ ಆಗಿದೆ. ಆಯಿತು ಅಂತ ನಕ್ಕು ಹೇಳಿ, ಮಾಡದೇ ಕೊಡು. ಕಪ್ಪು ಚರ್ಮ ಜಾಸ್ತಿ ಬೆಳಕು ಕೇಳುವುದಿಲ್ಲ, ದೊಡ್ಡ ಬೆಳಕು ಕೇಳುತ್ತದೆ. ಬರೀ ಫ್ಲ್ಯಾಶ್ ಹೊಡೆದರೆ ಹಣೆಯಲ್ಲಿ ಒಂದು ಬಿಳಿ ಚುಕ್ಕೆ, ಉಳಿದದ್ದು ಕತ್ತಲೆ. ಬೆಳಕನ್ನು ಮೆದು ಮಾಡುವ ಬಿಳಿ ಬಟ್ಟೆಯ ಡಬ್ಬಿ, ಅಂದರೆ 90 ಸೆಂಟಿಮೀಟರಿನ ಸಾಫ್ಟ್‌ಬಾಕ್ಸನ್ನು ಪಕ್ಕದಿಂದ, ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ ತಂದರೆ ಅದೇ ಚುಕ್ಕೆ ಹರಡಿ ಕೆನ್ನೆಯ ಮೇಲೆ ಹೊಳಪಾಗುತ್ತದೆ. ಚಿನ್ನಕ್ಕೂ ಇದೇ ಮಾತು. ಚಿನ್ನ ಕನ್ನಡಿಯ ಜಾತಿ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಎದುರಿಗೆ ಅಗಲವಾದ ಬಿಳಿ ಬಟ್ಟೆ ಇದ್ದರೆ ಸರದ ಒಂದೊಂದು ಎಳೆಯೂ ಕಾಣುತ್ತದೆ. ಬೆವರಿಗೆ ಟಿಶ್ಯೂ ಇಟ್ಟುಕೋ, ಒತ್ತಬೇಕು, ಒರೆಸಬಾರದು, ಮೇಕಪ್ ಮಾಡಿದವಳು ಜಗಳಕ್ಕೆ ಬರುತ್ತಾಳೆ.

ಈ ಕೈ ಪಳಗಿಸಲು ಮದುವೆಗಿಂತ ಒಳ್ಳೆಯ ಜಾಗ ಯಕ್ಷಗಾನದವರು ವೇಷ ಕಟ್ಟುವ ಚೌಕಿ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ಆಟ ಆಡುತ್ತಾರಲ್ಲ, ಆಗ ನನ್ನ ಜೊತೆ ಬಾ. ರಂಗಸ್ಥಳದ ಮುಂದೆ ಫ್ಲ್ಯಾಶ್ ಹೊಡೆಯುವುದು ಬೇಡವೇ ಬೇಡ, ಕುಣಿಯುವವರ ಕಣ್ಣು ಕತ್ತಲೆಯಾಗುತ್ತದೆ, ನೋಡುವವರಿಗೂ ಕಿರಿಕಿರಿ. ಚೌಕಿಯಲ್ಲಿ ಕೇಳಿಕೊಂಡರೆ ವೇಷ ಮುಗಿದ ಮೇಲೆ ಎರಡು ನಿಮಿಷ ಕೊಡುತ್ತಾರೆ. ಆ ಎರಡು ನಿಮಿಷದಲ್ಲಿ ಕಿರೀಟ, ಭುಜಕೀರ್ತಿ, ಮುಖದ ಬಣ್ಣ, ಬಣ್ಣದ ವೇಷವಾದರೆ ಅಕ್ಕಿಹಿಟ್ಟಿನ ಚುಟ್ಟಿಯ ಮುಳ್ಳುಗಳು, ಎಲ್ಲ ಕಾಣಬೇಕು, ಅದರೊಳಗಿನ ಮನುಷ್ಯನೂ ಕಾಣಬೇಕು. ಚುಟ್ಟಿ ಎದ್ದು ಕಾಣಲು ಬೆಳಕು ಪಕ್ಕದಿಂದ ಬರಬೇಕು, ಕಿರೀಟದ ನೆರಳು ಕಣ್ಣಿಗೆ ಬೀಳದಿರಲು ಕೆಳಗಿನಿಂದ ಒಂಚೂರು ಬೇಕು. ಆ ಒಂಚೂರು ಒಗ್ಗರಣೆಗೆ ಇಂಗು ಹಾಕಿದಷ್ಟೇ ಇರಲಿ. ಅಲ್ಲಿ ಸ್ಟ್ಯಾಂಡ್ ಹರಡಲು ಜಾಗವೇ ಇಲ್ಲ, ನಾನು ಲೈಟ್ ಕೈಯಲ್ಲಿ ಹಿಡಿದು ನಿಲ್ಲುತ್ತೇನೆ, ನೀನು ತೆಗಿ. ಕೈಯಲ್ಲಿ ಹಿಡಿದು ನಿಲ್ಲಲಾಗುವ ಲೈಟ್ ಯಾವುದು ಅಂತ ಮತ್ತೆ ಹೇಳಬೇಕಾ?

ಹೊರಗೆ ತೆಗೆಯುವಾಗ ಒಂದೇ ವಿಷಯ ನೆನಪಿಡು: ಫ್ಲ್ಯಾಶ್ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುತ್ತದೆ, ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಅದಕ್ಕೆ ಲೆಕ್ಕವಿಲ್ಲ. ಹಾಗಾಗಿ ಅಪರ್ಚರ್ ಮತ್ತು ಪವರ್ ಮುಖಕ್ಕೆ, ಶಟರ್ ಆಕಾಶಕ್ಕೆ. ಮರೀನ್ ಡ್ರೈವಿನಲ್ಲಿ ಸೂರ್ಯ ಮುಳುಗಿದ ಮೇಲೆ ಬಣ್ಣ ಕಡಿಮೆಯಾಗುತ್ತಾ ಬಂದ ಹಾಗೆ ಶಟರ್ ವೇಗ ಮಾತ್ರ ಇಳಿಸುತ್ತಾ ಹೋಗು, ಮುಖದ ಬೆಳಕು ಹಾಗೇ ಉಳಿಯುತ್ತದೆ. ಮೇಲಕ್ಕೆ ಮಾತ್ರ ಮಿತಿ ಇದೆ, ಸಾಮಾನ್ಯವಾಗಿ 1/200 ಅಥವಾ 1/250. ಅದು ದಾಟಿ, ಅದಕ್ಕಿಂತ ವೇಗದ ಶಟರಿಗೂ ಫ್ಲ್ಯಾಶ್ ಹೊಂದಿಸುವ ಹೈಸ್ಪೀಡ್ ಸಿಂಕಿಗೆ ಹೋದರೆ ಲೈಟಿನ ಶಕ್ತಿ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಅಲ್ಲಿನ ಗಾಳಿಗೆ ಕೊಡೆ ಬಿಚ್ಚಬೇಡ. ಪುಣೆಯ ಶನಿವಾರ ವಾಡದಲ್ಲಿ ಪ್ರಿ-ವೆಡ್ಡಿಂಗ್ ಅಂದಿದ್ದೀಯ, ಅದು ಪುರಾತತ್ವ ಇಲಾಖೆಯ ಜಾಗ, ಸ್ಟ್ಯಾಂಡ್ ಊರಲು ಮೊದಲೇ ಅನುಮತಿ ಬೇಕು.

ಇನ್ಸ್ಟಾಗ್ರಾಂಗೆ ಹಾಕುವ ಮೊದಲು ಇದನ್ನು ಓದು. 1957ರ ಕಾಪಿರೈಟ್ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಯಾರು ಫೋಟೊ ತೆಗೆಸುತ್ತಾರೋ ಆ ಫೋಟೊದ ಮೊದಲ ಹಕ್ಕು ಅವರದ್ದೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಕ್ಲಿಕ್ ಮಾಡಿದ್ದು ನಾನು ಅನ್ನುವುದು ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಅಡ್ವಾನ್ಸ್ ತೆಗೆದುಕೊಳ್ಳುವ ಕಾಗದದಲ್ಲೇ "ನನ್ನ ಕೆಲಸ ತೋರಿಸಲು ಬಳಸಬಹುದು" ಅಂತ ಒಂದು ಸಾಲು ಬರೆಸಿ ಸಹಿ ಹಾಕಿಸಿಕೋ. ನಮ್ಮವರು ತಾನೇ ಅಂತ ಬಾಯಿಮಾತಿನಲ್ಲಿ ಬಿಡಬೇಡ, ನಮ್ಮವರ ಹತ್ತಿರವೇ ಕಾಗದ ಬೇಕಾಗುವುದು. ಬಾಕಿ ದುಡ್ಡಿನ ಮಾತು ನಿನಗೆ ಗೊತ್ತು, ಆಲ್ಬಂ ಕೊಡುವ ಮೊದಲು ಕೇಳು.

ಗೋವಾದ ಕೆಲಸಕ್ಕೆ ವಿಮಾನದಲ್ಲಿ ಹೋಗುವುದಾದರೆ ಲೈಟಿನ ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. ತುದಿಗಳಿಗೆ ಟೇಪ್ ಹಚ್ಚು. ಅಲ್ಲಿ ಎಸಿ ರೂಮಿನಿಂದ ಸೀದಾ ಹೊರಗೆ ತಂದರೆ ಲೆನ್ಸ್ ಮೇಲೆ ಮಂಜು ಕೂರುತ್ತದೆ, ಅರ್ಧ ಗಂಟೆ ಮೊದಲೇ ಬ್ಯಾಗ್ ಹೊರಗಿಡು.

ಶನಿವಾರ ಬೆಳಿಗ್ಗೆ ಬೇಗ ಹೊರಟು ಬಾ, ಇಬ್ಬರೂ ಫೋರ್ಟಿನ ಬೋರಾ ಬಜಾರಿನ ಕ್ಯಾಮೆರಾ ಅಂಗಡಿಗಳಿಗೆ ಹೋಗೋಣ. ಭಾನುವಾರ ಫೋರ್ಟಿನಲ್ಲಿ ಅಂಗಡಿ ಮುಚ್ಚಿರುತ್ತವೆ. ನಿನ್ನ ಟ್ರಿಗರ್ ತಾ, ಅಂಗಡಿಯಲ್ಲೇ ಜೋಡಿಸಿ ಫುಲ್ ಪವರಿನಲ್ಲಿ ಹೊಡೆದು ನೋಡದೆ ತೆಗೆದುಕೊಳ್ಳುವುದು ಬೇಡ. ಬಿಲ್ ನಿನ್ನ ಹೆಸರಿಗೇ ಮಾಡಿಸೋಣ, ಇನ್ಶೂರೆನ್ಸಿಗೆ ಬೇಕಾಗುತ್ತದೆ. ಅರ್ಧ ದುಡ್ಡು ಅಪ್ಪ ಕೊಡುತ್ತಾರಂತೆ, ಚಹಾ ಕುಡಿದ ಮೇಲೆ ಹೇಳಿದರು. ಅವರಿಗೆ ಬರುವಾಗ ಬಾಕರ್‌ವಡಿ ತರಬೇಕಂತೆ.

ಅಮ್ಮ