ಸದ್ದಿಲ್ಲದ ಹೋಂ ಥಿಯೇಟರ್ ಕಂಪ್ಯೂಟರ್ ಎಂದು ಒಪ್ಪಿ ಬೇರೆಯೇ ಯಂತ್ರ ಕೊಟ್ಟಿರುವ ಬಗ್ಗೆ ದೂರು

ಮೈಸೂರು
20 ಮೇ 2024

ಇವರಿಂದ:
ವೀಣಾ ಶಿಕ್ಷಕಿ, ಸರಸ್ವತಿಪುರಂ, ಮೈಸೂರು

ಇವರಿಗೆ:
ಮಾಲೀಕರು, ಕಂಪ್ಯೂಟರ್ ಮಾರಾಟ ಮತ್ತು ಜೋಡಣೆಯ ಮಳಿಗೆ, ಎಸ್.ಪಿ. ರಸ್ತೆ, ಬೆಂಗಳೂರು

ಮಾನ್ಯರೇ,

ನಿಮ್ಮ ಅಂಗಡಿಗೆ ಐದು ಸಲ ಫೋನ್ ಮಾಡಿ, ಮೂರು ಸಲ ವಾಟ್ಸಾಪಿನಲ್ಲಿ ಬರೆದು, ಒಂದು ಸಲ ಯಂತ್ರವನ್ನೇ ಹೊತ್ತು ನಿಮ್ಮ ಬಾಗಿಲಿಗೆ ಬಂದು ಹೋದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಮೇ 16ರಂದು ನಿಮ್ಮಿಂದ ನನ್ನ ಮೊಬೈಲಿಗೆ ಒಂದು ಸಂದೇಶ ಬಂತು. ನನ್ನ ದೂರು ಬಗೆಹರಿದಿದೆಯೆಂದೂ, ನಿಮ್ಮ ಸೇವೆಗೆ ಐದು ನಕ್ಷತ್ರ ಕೊಡಬೇಕೆಂದೂ ಅದರಲ್ಲಿತ್ತು. ಅಲ್ಲಿಯವರೆಗೆ ಹೇಗಾದರೂ ಮಾತಿನಲ್ಲೇ ಮುಗಿಸೋಣ ಎಂದುಕೊಂಡಿದ್ದವಳು, ಅದನ್ನು ಓದಿದ ಮೇಲೆ ಎಲ್ಲವನ್ನೂ ಬರಹದಲ್ಲೇ ಇಡಬೇಕೆಂದು ತೀರ್ಮಾನಿಸಿದೆ.

ನಾನು ಕೇಳಿದ್ದು ಏನೆಂಬುದು ನಿಮಗೆ ಗೊತ್ತಿದೆ. ಆದರೂ ದಾಖಲೆಗಾಗಿ ಮತ್ತೆ ಹೇಳುತ್ತೇನೆ. ನನ್ನ ತಂದೆಯವರಿಗೆ ಈಗ 84 ವರ್ಷ. ಅವರು ನುಡಿಸಿದ ಮತ್ತು ಶಿಷ್ಯರಿಗೆ ಪಾಠ ಹೇಳಿದ 46 ಕ್ಯಾಸೆಟ್‌ಗಳನ್ನು ಎರಡು ವರ್ಷ ಕೂತು ಡಿಜಿಟಲ್‌ಗೆ ಇಳಿಸಿದ್ದೇನೆ. ಅವುಗಳ ಜೊತೆಗೆ ನನ್ನ ತಮ್ಮನ ಮಗಳ ರಂಗಪ್ರವೇಶದ ವೀಡಿಯೊವನ್ನೂ ಹಾಲಿನ ಟಿವಿಯಲ್ಲಿ ಅವರು ಕೂತು ನೋಡುವಂತೆ, ಕೇಳುವಂತೆ ಮಾಡಬೇಕೆಂಬುದು ನನ್ನ ಆಸೆಯಾಗಿತ್ತು. ತಂದೆಯವರು ಶ್ರವಣ ಸಾಧನ ಹಾಕಿಕೊಳ್ಳುತ್ತಾರೆ. ಒಂದೇ ಸಮನೆ ಬರುವ ಗುಂಯ್ ಸದ್ದನ್ನು ಆ ಸಾಧನವು ಸಂಗೀತದ ಜೊತೆಗೇ ಎತ್ತಿ ಕಿವಿಗೆ ಹಾಕುತ್ತದೆ. ಆದ್ದರಿಂದಲೇ ಯಂತ್ರ ತಣ್ಣಗಿರಬೇಕು, ಆರು ಅಡಿ ದೂರದಲ್ಲಿ ಕೂತವರಿಗೆ ಅದು ಚಾಲೂ ಇದೆಯೆಂದೇ ಗೊತ್ತಾಗಬಾರದು ಎಂದು ಮಾರ್ಚ್ 11ರಂದು ನಿಮ್ಮಲ್ಲಿಗೆ ಬಂದಾಗ ಮೊದಲ ಮಾತಿನಲ್ಲೇ ಹೇಳಿದ್ದೆ. ಯುಗಾದಿಯ ಹೊತ್ತಿಗೆ ಬೇಕೆಂದೂ ಹೇಳಿದ್ದೆ.

ನಿಮ್ಮ ಹುಡುಗ ತನ್ನ ಕೈಬರಹದಲ್ಲೇ ಕೊಟೇಶನ್ ಬರೆದುಕೊಟ್ಟ. ಇಂಟೆಲ್ ಕೋರ್ ಐ3-12100 ಪ್ರೊಸೆಸರ್, ಅದನ್ನು ತಣ್ಣಗಿಡಲು 70 ಮಿಲಿಮೀಟರ್ ಎತ್ತರದ ನಾಕ್ಟುವಾ ಎನ್‌ಎಚ್-ಎಲ್12ಎಸ್ ಕೂಲರ್, 16 ಜಿಬಿ ರ್‍ಯಾಮ್, ತಿರುಗುವ ಹಾರ್ಡ್ ಡಿಸ್ಕ್ ಇಲ್ಲದೆ 1 ಟಿಬಿ ಎಸ್‌ಎಸ್‌ಡಿ, ವೇಗ ತಗ್ಗಿಸಲು ಬರುವ, ನಾಲ್ಕು ತಂತಿಯ 120 ಮಿಲಿಮೀಟರ್ ಫ್ಯಾನು ಎರಡು. ಕೊನೆಯಲ್ಲಿ ಗೆರೆ ಎಳೆದು "ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ" ಎಂದು ಬರೆದು, ಅಂಗಡಿಯ ಮೊಹರು ಒತ್ತಿದ್ದಾನೆ. ಒಟ್ಟು 61,500 ರೂಪಾಯಿ. ಪೂರ್ತಿ ಹಣ ನಿಮ್ಮ ಕೈಸೇರಿದ ಮೇಲೆಯೇ, ಮಾರ್ಚ್ 28ರಂದು ಯಂತ್ರ ನಮ್ಮ ಮನೆಗೆ ಬಂತು. ಬಿಲ್ಲಿನಲ್ಲಿ ಮಾತ್ರ ಇವು ಯಾವುವೂ ಇಲ್ಲ. "12ನೇ ತಲೆಮಾರಿನ ಐ3 ಕಂಪ್ಯೂಟರ್, ಜೋಡಿಸಿದ್ದು" ಎಂದು ಒಂದೇ ಸಾಲು. ಇದು ಅವಸರದಲ್ಲಿ ಆದದ್ದೆಂದು ಆಗ ನಂಬಿದ್ದೆ, ಈಗ ನಂಬುವುದಿಲ್ಲ.

ಯುಗಾದಿಯ ಸಂಜೆ, ಏಪ್ರಿಲ್ 9ರಂದು, ಪೂಜೆ ಊಟ ಎಲ್ಲ ಮುಗಿದ ಮೇಲೆ ತಂದೆಯವರನ್ನು ಕೂರಿಸಿ ಅವರದೇ ಕಲ್ಯಾಣಿ ರಾಗದ ಆಲಾಪನೆಯನ್ನು ಹಾಕಿದೆ. ಮೂರು ಮನೆಯ ಶ್ರುತಿ, ಅಂದರೆ ಹಾರ್ಮೋನಿಯಮ್ಮಿನ ಮೂರನೆಯ ಬಿಳಿ ಮನೆಯೇ ಷಡ್ಜ. ತಂಬೂರಿ ಶುರುವಾಗಿ ಅರ್ಧ ನಿಮಿಷವೂ ಆಗಿರಲಿಲ್ಲ, ಅವರು ಕಿವಿಯಿಂದ ಸಾಧನವನ್ನು ತೆಗೆದು ಪಕ್ಕದ ಸ್ಟೂಲಿನ ಮೇಲೆ ಮೆಲ್ಲಗೆ ಇಟ್ಟು, "ಮಷೀನು ನಿಲ್ಲಿಸಮ್ಮ, ತಂಬೂರಿ ಕೇಳಿಸ್ತಿಲ್ಲ" ಎಂದರು. ಟಿವಿ ಕಪಾಟಿನ ಒಳಗಿನಿಂದ ನಿಮ್ಮ ಯಂತ್ರ ಒಂದೇ ಸಮನೆ ಶುದ್ಧ ರಿಷಭವನ್ನು, ಅಂದರೆ ಷಡ್ಜದ ಪಕ್ಕದಲ್ಲೇ ಕೂರುವ ಕೆಳಗಿನ 'ರಿ'ಯನ್ನು, ಹಿಡಿದು ನಿಂತಿತ್ತು. ಕಲ್ಯಾಣಿಗೆ ಬೇಕಾದದ್ದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿರುವ ಚತುಶ್ರುತಿ ರಿಷಭ. ಅದರ ಕೆಳಗೆ ಬಿಡದೆ ಶುದ್ಧ ರಿಷಭ ಕೂತರೆ ರಾಗ ಎಲ್ಲಿ ಉಳಿಯುತ್ತದೆ? ಸಂಗೀತ ಗೊತ್ತಿಲ್ಲದವರಿಗೂ ಆ ಕರಕರೆ ತಿಳಿಯುತ್ತಿತ್ತು.

ಮಾರನೆಯ ದಿನದಿಂದ ಫೋನು. ಏಪ್ರಿಲ್ 12ರಂದು ನಿಮ್ಮ ಹುಡುಗನೇ, "ಆಂಟಿ, ಸೈಡ್ ಪ್ಯಾನೆಲ್ ತೆಗೆದು ನೋಡಿ, ವೈರ್ ಏನಾದ್ರೂ ಫ್ಯಾನಿಗೆ ತಾಗ್ತಿರಬಹುದು" ಎಂದ. ಇಂಜಿನಿಯರಿಂಗ್ ಓದುವ ತಮ್ಮನ ಮಗಳು ಅವನು ಹೇಳಿದಂತೆ ಸ್ಕ್ರೂ ಬಿಚ್ಚಿದಳು. ತೆಗೆಯುವಾಗ ಹಿಂಬದಿಯ ಸಣ್ಣ ಸ್ಟಿಕ್ಕರು ಹರಿಯಿತು. ಒಳಗೆ ಕಂಡದ್ದೆಲ್ಲದರ ಫೋಟೋ ನಮ್ಮಲ್ಲಿದೆ.

ಪ್ರೊಸೆಸರ್ ಐ3-12100 ಅಲ್ಲ, 12100ಎಫ್. ಆ ಒಂದು ಅಕ್ಷರದ ಅರ್ಥ ನಿಮಗೆ ನನಗಿಂತ ಚೆನ್ನಾಗಿ ಗೊತ್ತು: ಅದರಲ್ಲಿ ಚಿತ್ರ ಮೂಡಿಸುವ ಭಾಗ ಇಲ್ಲ. ಇಲ್ಲದ್ದರಿಂದ ಜಿಟಿ 710 ಎಂಬ ಹಳೆಯ ತಲೆಮಾರಿನ ಗ್ರಾಫಿಕ್ಸ್ ಕಾರ್ಡನ್ನು ತುರುಕಿದ್ದೀರಿ. ಈಗಿನ ಹಲವು ಮೊಬೈಲುಗಳು ವೀಡಿಯೊವನ್ನು ಕುಗ್ಗಿಸಿ ಸೆರೆಹಿಡಿಯುವುದು ಎಚ್‌ಇವಿಸಿ ವಿಧಾನದಲ್ಲಿ. ಐ3-12100 ಅದನ್ನು ತನ್ನ ಒಳಗಿನ ಪ್ರತ್ಯೇಕ ಭಾಗದಿಂದಲೇ, ಹೆಚ್ಚು ಬಿಸಿಯಾಗದೆ ಬಿಡಿಸುತ್ತದೆ. ಈ ಕಾರ್ಡಿಗೆ ಆ ಶಕ್ತಿ ಇಲ್ಲ. ಹಾಗಾಗಿ ಇಡೀ ಕೆಲಸ ಪ್ರೊಸೆಸರಿನ ತಲೆಯ ಮೇಲೆ ಬಿದ್ದು, ರಂಗಪ್ರವೇಶದ 4ಕೆ ವೀಡಿಯೊ ಹಾಕಿದ ಹತ್ತು ನಿಮಿಷದೊಳಗೆ ಉಷ್ಣತೆ 96 ಡಿಗ್ರಿಗೆ ಏರುತ್ತಿತ್ತು. ಆ ಪ್ರೊಸೆಸರಿಗೆ 100 ಡಿಗ್ರಿಯೇ ಮೇರೆ. ಕೂಲರ್ ನಾಕ್ಟುವಾ ಅಲ್ಲ, ಹೆಸರೂ ಇಲ್ಲದ ಯಾವುದೋ ಒಂದು. ಕ್ಯಾಬಿನೆಟ್ಟಿನ ಎರಡೂ ಫ್ಯಾನುಗಳನ್ನು ಮದರ್‌ಬೋರ್ಡಿಗೆ ಸೇರಿಸದೆ, ಬರೀ ವಿದ್ಯುತ್ ಕೊಡುವ ಮೋಲೆಕ್ಸ್ ಕನೆಕ್ಟರಿನಿಂದ ನೇರವಾಗಿ ಪವರ್ ಸಪ್ಲೈಗೆ ಸಿಕ್ಕಿಸಿದ್ದಿರಿ. ಹಾಗೆ ಸಿಕ್ಕಿಸಿದರೆ ಅವು ಸದಾ 12 ವೋಲ್ಟಿನಲ್ಲಿ, ಪೂರ್ತಿ ವೇಗದಲ್ಲಿ ತಿರುಗುತ್ತವೆ. ಬರೀ ಹಾಡು ಕೇಳುವಾಗಲೂ ನಿಧಾನವಾಗುವುದಿಲ್ಲ. ದೊಡ್ಡ ಫ್ಯಾನು ಮೆಲ್ಲಗೆ ತಿರುಗಿ ಸಾಕಷ್ಟು ಗಾಳಿ ತಳ್ಳಲಿ ಎಂದೇ ನಾನು 120 ಮಿಲಿಮೀಟರಿನವನ್ನು ಕೇಳಿದ್ದು. ವೇಗ ಅರ್ಧವಾದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ ಎಂಬುದು ಈ ಕಸುಬಿನವರೆಲ್ಲ ಬಳಸುವ ಲೆಕ್ಕ.

ಇನ್ನು ಆ ರಿಷಭ. ತಮ್ಮನ ಮಗಳು ಒಂದೊಂದೇ ಫ್ಯಾನಿನ ತಂತಿ ಬಿಡಿಸುತ್ತಾ ಹೋದಳು. ಕ್ಯಾಬಿನೆಟ್ಟಿನ ಎರಡು ನಿಂತಾಗ ಭೋರೆನ್ನುವ ಗಾಳಿಯ ಸದ್ದು ಹೋಯಿತು, ರಿಷಭ ಹೋಗಲಿಲ್ಲ. ಅದು ಬರುತ್ತಿದ್ದದ್ದು ಗ್ರಾಫಿಕ್ಸ್ ಕಾರ್ಡಿನ ಮೇಲಿನ, ಬೆಂಕಿಪೊಟ್ಟಣದಷ್ಟಗಲದ ಪುಟ್ಟ ಫ್ಯಾನಿನಿಂದ. ಅದಕ್ಕಿರುವುದು ಎರಡೇ ತಂತಿ, ವೇಗ ತಗ್ಗಿಸುವ ದಾರಿಯೇ ಇಲ್ಲ. ಏಳು ಅಲಗುಗಳಿವೆ. ಮೂರು ಮನೆಯ ಷಡ್ಜ ಸೆಕೆಂಡಿಗೆ ಸುಮಾರು 330 ಕಂಪನ, ಅದರ ಶುದ್ಧ ರಿಷಭ ಸುಮಾರು 350. ಏಳು ಅಲಗಿನ ಫ್ಯಾನು ಸೆಕೆಂಡಿಗೆ 350 ಸಲ ಗಾಳಿಯನ್ನು ಕತ್ತರಿಸಬೇಕಾದರೆ ನಿಮಿಷಕ್ಕೆ 3000 ಸುತ್ತು ತಿರುಗಬೇಕು. ಕಿವಿಯಿಂದ ಹಿಡಿದ ಸ್ವರಕ್ಕೂ ಕಾಗದದ ಮೇಲಿನ ಲೆಕ್ಕಕ್ಕೂ ತಾಳೆಯಾಯಿತು.

ಇದನ್ನೆಲ್ಲ ಬರೆದುಕೊಂಡೇ ಏಪ್ರಿಲ್ 22ರ ಸೋಮವಾರ, ಕ್ಯಾಬಿನೆಟ್ಟನ್ನು ಹಳೆಯ ಜಮಖಾನದಲ್ಲಿ ಸುತ್ತಿ, ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಬಂದೆ. ಅಂಗಡಿ ತಲುಪಿದಾಗ ಹನ್ನೊಂದೂಕಾಲು. ನೀವು ಗಲ್ಲಾಪೆಟ್ಟಿಗೆಯ ಹಿಂದೆ ಫೋನಿನಲ್ಲಿದ್ದಿರಿ. ಒಂದು ಪ್ಲಾಸ್ಟಿಕ್ ಸ್ಟೂಲು ತೋರಿಸಿದರು, ಕೂತೆ. ನನ್ನ ನಂತರ ಬಂದ ನಾಲ್ಕು ಜನರ ಕೆಲಸವಾಗಿ ಅವರು ಹೊರಟರು. ಹನ್ನೆರಡೂ ಮುಕ್ಕಾಲಿಗೆ ನೀವು ನನ್ನ ಕಡೆ ತಿರುಗಿ, ಏನಮ್ಮ ಎಂದಿರಿ. ನಾನು ಕೊಟೇಶನ್ ಬಿಡಿಸಿ ಎದುರಿಗಿಟ್ಟೆ. ನೀವು ಅದನ್ನು ಓದಲಿಲ್ಲ. ಯಂತ್ರವನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಡಿಸಿ ಚಾಲೂ ಮಾಡಿದಿರಿ. ತಲೆಯ ಮೇಲೆ ಎಸಿ ಓಡುತ್ತಿತ್ತು, ಹೊರಗೆ ರಸ್ತೆಯ ತುಂಬ ಆಟೋಗಳ ಹಾರನ್ನು. ನೀವು ಕೈಯನ್ನು ಕಿವಿಗೆ ಹಿಡಿದು, "ಎಲ್ಲಿ ಸೌಂಡು? ನಂಗಂತೂ ಏನೂ ಕೇಳ್ತಿಲ್ಲ, ನಿಂಗೆ ಕೇಳ್ತಿದೆಯೇನೋ?" ಎಂದು ಹುಡುಗನನ್ನು ಕೇಳಿದಿರಿ. ಅವನು ನಕ್ಕ. ಒಳಗೆ ಎಲ್ಲಾದರೂ ನಿಶ್ಶಬ್ದವಿರುವ ಕೋಣೆಯಲ್ಲಿ ಕೇಳಿಸಿಕೊಳ್ಳಿ ಎಂದು ನಾನು ಹೇಳಿದೆ. ಆಗ ನೀವು ಹೇಳಿದ ಮಾತನ್ನು ಒಂದಕ್ಷರವೂ ಬದಲಿಸದೆ ಬರೆಯುತ್ತಿದ್ದೇನೆ: "ಅಮ್ಮ, ವಯಸ್ಸಾದ ಮೇಲೆ ಕಿವಿಯೊಳಗೆ ಗುಂಯ್ ಅನ್ನೋದು ಸಹಜ. ಕಂಪ್ಯೂಟರ್ ಇಲ್ಲಿ ಬಿಟ್ಟು ಫಸ್ಟು ಕಿವಿ ಡಾಕ್ಟರಿಗೆ ತೋರಿಸಿ."

ನಾನು 31 ವರ್ಷದಿಂದ ವೀಣೆ ಕಲಿಸುತ್ತಿದ್ದೇನೆ. ದಿನಾ ಬೆಳಿಗ್ಗೆ ನಾಲ್ಕು ತಂತಿ, ಮೂರು ತಾಳದ ತಂತಿ ಶ್ರುತಿ ಮಾಡುವುದು ಈ ಕಿವಿಯಿಂದಲೇ. ಅದನ್ನು ನಿಮಗೆ ಹೇಳಿದೆ ಕೂಡ. ಪ್ರೊಸೆಸರ್ ಎಫ್ ಯಾಕೆ ಬಂತು ಎಂದು ಕೇಳಿದೆ. ನೀವು ಉತ್ತರ ಕೊಡದೆ ಕ್ಯಾಬಿನೆಟ್ ತಿರುಗಿಸಿ, ಹರಿದ ಸ್ಟಿಕ್ಕರಿನ ಮೇಲೆ ಬೆರಳಿಟ್ಟು, "ಸೀಲ್ ಒಡೆದಿದ್ದೀರಲ್ಲ, ಇನ್ನು ವಾರಂಟಿ ಎಲ್ಲಿಂದ ಬರುತ್ತೆ?" ಎಂದಿರಿ. ಬಿಚ್ಚಲು ಹೇಳಿದವನು ನಿಮ್ಮ ಹುಡುಗನೇ ಎಂದಾಗ ಅವನು ನೆಲ ನೋಡಿದ. ಕೊನೆಗೆ, ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತು ನೋಡುತ್ತಿರುವಾಗಲೇ, "ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿ, ಅವರಿಗೆ ಹೇಳಿದ್ರೆ ಅರ್ಥ ಆಗುತ್ತೆ" ಎಂದಿರಿ. ಎಫ್ ಎಂದರೇನು, ಮೋಲೆಕ್ಸ್ ಎಂದರೇನು ಎಂದು ನಿಮ್ಮೆದುರು ನಿಂತು ಹೇಳುತ್ತಿದ್ದದ್ದು ನಾನು. ನನ್ನ ಒಂದು ಪ್ರಶ್ನೆಗೂ ನೀವು ಉತ್ತರ ಕೊಡಲಿಲ್ಲ. ನನ್ನ ಜೀವನದಲ್ಲಿ ಯಾರೂ ನನ್ನನ್ನು ಹಾಗೆ ನಿಲ್ಲಿಸಿ ಮಾತಾಡಿರಲಿಲ್ಲ. ಜಮಖಾನವನ್ನು ಮತ್ತೆ ಸುತ್ತಿಕೊಂಡು ಹೊರಗೆ ಬಂದೆ.

ಮನೆಗೆ ಬಂದ ಮೇಲೆ, ಏಪ್ರಿಲ್ 27ರಂದು, ತಮ್ಮನ ಮಗಳು ಕೂಲರನ್ನು ಪೂರ್ತಿ ಬಿಚ್ಚಿದಳು. ಕೂಲರಿನ ತಳಕ್ಕೆ ಕಾರ್ಖಾನೆಯವರು ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಕೂಡಿಸುವ ಮುನ್ನ ತೆಗೆಯಿರಿ ಎಂದು ಅದರ ಮೇಲೆಯೇ ಅಚ್ಚಾಗಿದೆ. ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸಬೇಕಾದ ಥರ್ಮಲ್ ಪೇಸ್ಟನ್ನು ಆ ಬರಹದ ಮೇಲೆಯೇ ಹಚ್ಚಿ ಕೂಡಿಸಿದ್ದೀರಿ. ಹಾಳೆ ತೆಗೆದು, ಹೊಸ ಪೇಸ್ಟ್ ಹಾಕಿದ ಮೇಲೆ ಅದೇ ವೀಡಿಯೊಗೆ ಉಷ್ಣತೆ 96ರಿಂದ 74ಕ್ಕೆ ಇಳಿಯಿತು. ಅಂದರೆ ಒಂದು ತಿಂಗಳು ಆ ಪ್ರೊಸೆಸರ್ ಪ್ಲಾಸ್ಟಿಕ್ಕಿನ ಕೆಳಗೆ ಬೆಂದಿದೆ. ಸದ್ದು ಮಾತ್ರ ಹಾಗೇ ಇದೆ, ಏಕೆಂದರೆ ಕಾರ್ಡೂ ಫ್ಯಾನುಗಳೂ ನೀವು ಕೊಟ್ಟವೇ. ಯಂತ್ರ ನಿಲ್ಲಿಸಿದಾಗ ನಮ್ಮ ಹಾಲ್‌ನಲ್ಲಿ ಮೊಬೈಲು 29 ಡೆಸಿಬೆಲ್ ತೋರಿಸುತ್ತದೆ, ಚಾಲೂ ಮಾಡಿದರೆ 44. ಮೊಬೈಲಿನ ಅಳತೆ ಪ್ರಯೋಗಾಲಯದ್ದಲ್ಲ ಎಂದು ನೀವು ಹೇಳಬಹುದು. ಆದರೆ ಮೊಬೈಲು ಅದೇ, ಜಾಗ ಅದೇ, ಎರಡರ ನಡುವಿನ ಅಂತರ ನಿಮ್ಮ ಯಂತ್ರದ್ದು.

ನಿಮ್ಮ ನಿಯಮ ನಿಮಗೇ ನೆನಪಿಸಬೇಕಾಗಿ ಬಂದಿದೆ. ಕೊಟೇಶನ್ನಿನ ಹಿಂಬದಿಯ ನಾಲ್ಕನೆಯ ಷರತ್ತಿನಲ್ಲಿ, ಯಾವುದೇ ಭಾಗವನ್ನು ಗ್ರಾಹಕರ ಲಿಖಿತ ಒಪ್ಪಿಗೆ ಇಲ್ಲದೆ ಬದಲಿಸುವುದಿಲ್ಲ ಎಂದು ನೀವೇ ಅಚ್ಚು ಹಾಕಿಸಿದ್ದೀರಿ. ನಾನು ಅಂಥ ಒಪ್ಪಿಗೆ ಕೊಟ್ಟಿಲ್ಲ, ನೀವು ಕೇಳಿಯೂ ಇಲ್ಲ. ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ 2(47)ನೇ ಕಲಮಿನ ಪ್ರಕಾರ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ನಿಮ್ಮ ಬಿಲ್ಲಿನಲ್ಲಿ ಯಾವ ಅವಧಿಯೂ ಇಲ್ಲ. ನಾನು ಯಂತ್ರ ಹೊತ್ತು ನಿಮ್ಮ ಮುಂದೆ ನಿಂತದ್ದು 25ನೆಯ ದಿನ.

ಈ ಪತ್ರ ತಲುಪಿದ 15 ದಿನದೊಳಗೆ ಯಂತ್ರವನ್ನು ನಿಮ್ಮ ಖರ್ಚಿನಲ್ಲೇ ನನ್ನ ಮನೆಯಿಂದ ತೆಗೆದುಕೊಂಡು ಹೋಗಿ 61,500 ರೂಪಾಯಿಯನ್ನು ಪೂರ್ತಿ ಹಿಂದಿರುಗಿಸಬೇಕು. ಏಪ್ರಿಲ್ 22ರಂದು ಆಡಿದ ಮಾತಿಗೆ ಅಂಗಡಿಯ ಕಾಗದದಲ್ಲಿ, ನಿಮ್ಮ ಸಹಿಯೊಂದಿಗೆ ಕ್ಷಮೆ ಕೇಳಬೇಕು. ಬೇರೆ ಭಾಗ ಹಾಕಿಕೊಡುತ್ತೇನೆ ಎಂಬ ಮಾತನ್ನು ಒಂದು ತಿಂಗಳ ಹಿಂದೆ ಒಪ್ಪುತ್ತಿದ್ದೆ. ಇನ್ನು ನಿಮ್ಮ ಕೈಯಿಂದ ಜೋಡಿಸಿದ ಯಾವ ಯಂತ್ರವೂ ನನ್ನ ತಂದೆಯವರ ಎದುರಿಗೆ ಬರುವುದು ಬೇಡ.

ಆ ಗಡುವು ಮೀರಿದರೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಗ್ರಾಹಕರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಕಾಯ್ದೆ ಅವಕಾಶ ಕೊಟ್ಟಿದೆ, ಈ ಮೊತ್ತಕ್ಕೆ ಶುಲ್ಕವೂ ಇಲ್ಲ. ವಿಚಾರಣೆ ಮೈಸೂರಿನ ಆಯೋಗದಲ್ಲೇ ನಡೆಯುತ್ತದೆ. ಹಣದ ಜೊತೆಗೆ ಪ್ರಯಾಣದ ಖರ್ಚನ್ನೂ ಅವಮಾನಕ್ಕೆ ಪರಿಹಾರವನ್ನೂ ಕೇಳುತ್ತೇನೆ, ಮಧ್ಯದಲ್ಲಿ ರಾಜಿಗೆ ಒಪ್ಪುವುದಿಲ್ಲ. ಕೊಟೇಶನ್, ಬಿಲ್ಲು, ಫೋಟೋಗಳು, ನಿಮ್ಮ ಮೇ 16ರ ಸಂದೇಶ ಇವುಗಳ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಆ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಕಳಿಸುತ್ತಿಲ್ಲ. ಪೇಸ್ಟ್ ಮೆತ್ತಿದ ಹಾಗೇ ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಟ್ಟಿದ್ದೇನೆ, ಅದನ್ನು ಆಯೋಗದ ಮುಂದೆಯೇ ತೆರೆಯುತ್ತೇನೆ. ಅಂದು ನಿಮ್ಮ ಅಂಗಡಿಯಲ್ಲಿ ನಿಂತಿದ್ದ ಇಬ್ಬರು ಗಿರಾಕಿಗಳಲ್ಲಿ ಒಬ್ಬರು ನನ್ನ ಹಿಂದೆಯೇ ಹೊರಗೆ ಬಂದು, ಕ್ಯಾಬಿನೆಟ್ಟನ್ನು ಆಟೋಗೆ ಎತ್ತಿಟ್ಟು, ಬೇಕಾದರೆ ಸಾಕ್ಷಿ ಹೇಳುತ್ತೇನೆಂದು ತಮ್ಮ ಫೋನ್ ನಂಬರನ್ನು ಬರೆದುಕೊಟ್ಟು ಹೋಗಿದ್ದಾರೆ.

ಇತಿ,
ವೀಣಾ ಶಿಕ್ಷಕಿ
ಸರಸ್ವತಿಪುರಂ, ಮೈಸೂರು