ಎತ್ತರದ ಕಟ್ಟಡಗಳ ಲೆಕ್ಕವನ್ನು ಇನ್ನೊಬ್ಬರೂ ನೋಡಲಿ

ಮಾನ್ಯ ಸಂಪಾದಕರೇ,

ವಾರಾಂತ್ಯದ ಪತ್ರಿಕೆಗಳಲ್ಲಿ ಬೆಂಗಳೂರಿನ ಮೂವತ್ತು, ನಲವತ್ತು ಮಹಡಿಗಳ ವಸತಿ ಗೋಪುರಗಳ ಪುಟ ತುಂಬುವ ಜಾಹೀರಾತುಗಳನ್ನು ನೋಡುವಾಗಲೆಲ್ಲ ನನ್ನ ಕಣ್ಣು ಒಂದು ಹೆಸರನ್ನು ಹುಡುಕುತ್ತದೆ. ಈಜುಕೊಳ, ಕ್ಲಬ್‌ಹೌಸ್, ಮೆಟ್ರೊ ನಿಲ್ದಾಣಕ್ಕಿರುವ ದೂರ, ಗೃಹಸಾಲ ಕೊಡುವ ಬ್ಯಾಂಕುಗಳು ಎಲ್ಲವೂ ಅಲ್ಲಿರುತ್ತವೆ. ಕೆಲವೊಮ್ಮೆ ಆರ್ಕಿಟೆಕ್ಟ್ ಹೆಸರೂ ಇರುತ್ತದೆ. ಆ ಗೋಪುರದ ಪಾಯ, ಕಾಲಂ, ಬೀಮ್‌ಗಳ ಲೆಕ್ಕ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್ ಯಾರು, ಅವರ ಲೆಕ್ಕವನ್ನು ಬೇರೊಬ್ಬರು ಪರಿಶೀಲಿಸಿದ್ದಾರೆಯೇ ಎಂಬುದು ಮಾತ್ರ ಇರುವುದಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಲೆಕ್ಕಗಳನ್ನು ಮಾಡಿ ನಿವೃತ್ತನಾದ ನನಗೆ ಇವುಗಳಲ್ಲಿ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ಕಾಣುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಎತ್ತರ ಹೆಚ್ಚಿದಂತೆ ಕಟ್ಟಡದ ಸ್ವಭಾವವೇ ಬದಲಾಗುತ್ತದೆ. ನಾಲ್ಕು ಮಹಡಿಯ ಮನೆಯಲ್ಲಿ ಎಂಜಿನಿಯರ್ ಮುಖ್ಯವಾಗಿ ಯೋಚಿಸುವುದು ಮೇಲಿನಿಂದ ಕೆಳಗಿಳಿಯುವ ಭಾರದ ಬಗ್ಗೆ. ನಲವತ್ತು ಮಹಡಿಯಲ್ಲಿ ಪಕ್ಕದಿಂದ ತಳ್ಳುವ ಬಲಗಳದೇ ದೊಡ್ಡ ಚಿಂತೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅಗಲ ಅಷ್ಟೇ ಇದ್ದು ಎತ್ತರ ಎರಡು ಪಟ್ಟಾದರೆ, ಗಾಳಿ ಬುಡದಿಂದ ತುದಿಯವರೆಗೆ ಒಂದೇ ಸಮನಾಗಿ ಬೀಸುತ್ತದೆ ಎಂದಿಟ್ಟುಕೊಂಡರೂ, ಕಟ್ಟಡವನ್ನು ಬುಡದಲ್ಲಿ ಬಾಗಿಸುವ ಪರಿಣಾಮ ನಾಲ್ಕು ಪಟ್ಟಾಗುತ್ತದೆ. ಮೇಲೆ ಹೋದಷ್ಟೂ ಗಾಳಿ ಬಿರುಸಾಗುವುದರಿಂದ ವಾಸ್ತವದಲ್ಲಿ ಅದಕ್ಕೂ ಹೆಚ್ಚು. ಕಟ್ಟಡಗಳ ಮೇಲೆ ಬೀಳುವ ಬಲಗಳ ಬಗೆಗಿನ ನಮ್ಮ ದೇಶದ ಮಾನಕ ಐಎಸ್ 875 ಬೆಂಗಳೂರಿಗೆ ನಿಗದಿಪಡಿಸಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಇಂಥ ಗಾಳಿಯ ಬಲವನ್ನು ಯಾವ ದಿಕ್ಕಿನಿಂದ ಬಂದರೂ ತಾಳಿಕೊಳ್ಳುವಂತೆ ವಿನ್ಯಾಸ ಮಾಡಬೇಕಾಗುತ್ತದೆ, ಮತ್ತು ಆ ವಿನ್ಯಾಸದಲ್ಲಿ ಒಂದು ಊಹೆ ತಪ್ಪಿದರೂ ಅದು ಕಟ್ಟಡದ ಹೊರನೋಟದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ.

ಇದಕ್ಕೆ ನನಗೆ ತಿಳಿದಿರುವ ಅತ್ಯಂತ ಸ್ಪಷ್ಟ ನಿದರ್ಶನ ನ್ಯೂಯಾರ್ಕಿನ ಸಿಟಿಕಾರ್ಪ್ ಕಟ್ಟಡ. 59 ಮಹಡಿಗಳ, 279 ಮೀಟರ್ ಎತ್ತರದ ಈ ಗೋಪುರ 1977ರಲ್ಲಿ ಪೂರ್ಣಗೊಂಡಿತು. ನಿವೇಶನದ ಒಂದು ಮೂಲೆ ಚರ್ಚಿಗೆ ಸೇರಿದ್ದರಿಂದ, ಇಡೀ ಗೋಪುರವನ್ನು ಒಂಬತ್ತು ಮಹಡಿಯಷ್ಟು ಎತ್ತರದ ದೈತ್ಯ ಕಂಬಗಳ ಮೇಲೆ ಎತ್ತಿ ನಿಲ್ಲಿಸಿ, ಆ ಕಂಬಗಳನ್ನು ಮೂಲೆಗಳ ಬದಲು ನಾಲ್ಕೂ ಬದಿಗಳಲ್ಲಿ ಆಯಾ ಬದಿಯ ಮಧ್ಯಭಾಗದಲ್ಲಿ ಇಡಲಾಯಿತು. ಎಂಜಿನಿಯರ್ ವಿಲಿಯಂ ಲೆಮೆಸ್ಯೂರಿಯರ್ ಅವರ ಈ ವಿನ್ಯಾಸ ಅತ್ಯಂತ ಜಾಣ್ಮೆಯದು. ವಿದ್ಯಾರ್ಥಿಯಾಗಿದ್ದಾಗ ಅದರ ನಕ್ಷೆಯನ್ನು ನೋಡಿ ಬೆರಗಾದವರಲ್ಲಿ ನಾನೂ ಒಬ್ಬ. ಆದರೆ ಕಟ್ಟುವಾಗ, ಗಾಳಿಯ ಬಲವನ್ನು ಕಂಬಗಳಿಗೆ ಸಾಗಿಸುವ ಓರೆ ಉಕ್ಕಿನ ತೊಲೆಗಳ ಕೀಲುಗಳನ್ನು ವೆಲ್ಡಿಂಗ್ ಮಾಡುವ ಬದಲು ಬೋಲ್ಟುಗಳಿಂದ ಜೋಡಿಸಲಾಯಿತು. ಬೋಲ್ಟುಗಳ ಲೆಕ್ಕ ಮಾಡಿದಾಗ ಗಣನೆಗೆ ತೆಗೆದುಕೊಂಡದ್ದು ಕಟ್ಟಡದ ಮುಖಕ್ಕೆ ನೇರವಾಗಿ ಬೀಸುವ ಗಾಳಿಯನ್ನು ಮಾತ್ರ. 1978ರಲ್ಲಿ ಈ ಕಟ್ಟಡವನ್ನು ಅಭ್ಯಾಸಕ್ಕೆ ಆರಿಸಿಕೊಂಡಿದ್ದ ವಿದ್ಯಾರ್ಥಿಗಳು, ಅವರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡಯಾನ್ ಹಾರ್ಟ್ಲಿ ಪ್ರಮುಖರು, ಮೂಲೆಯಿಂದ ಬೀಸುವ ಗಾಳಿಯ ಬಗ್ಗೆ ಪ್ರಶ್ನೆ ಎತ್ತಿದರು. ಲೆಮೆಸ್ಯೂರಿಯರ್ ಮತ್ತೆ ಲೆಕ್ಕಕ್ಕೆ ಕುಳಿತಾಗ, ಮೂಲೆಗಾಳಿಯಿಂದ ಕೆಲವು ತೊಲೆಗಳಲ್ಲಿನ ಬಲ ಶೇ 40ರಷ್ಟು ಹೆಚ್ಚುತ್ತದೆ, ಬೋಲ್ಟ್ ಕೀಲುಗಳ ಮೇಲಿನ ಎಳೆತ ಶೇ 160ರಷ್ಟು ಹೆಚ್ಚುತ್ತದೆ ಎಂದು ಕಂಡುಬಂತು.

ಈ 40 ಹೇಗೆ 160 ಆಯಿತು ಎಂಬುದನ್ನು ಓದುಗರು ಅರಿಯುವುದು ಒಳ್ಳೆಯದು, ಏಕೆಂದರೆ ಸ್ವತಂತ್ರ ಪರಿಶೀಲನೆ ಏಕೆ ಬೇಕು ಎಂಬುದಕ್ಕೆ ಉತ್ತರ ಅದರಲ್ಲೇ ಇದೆ. ಗಾಳಿ ಕೀಲನ್ನು ಎಳೆಯುತ್ತದೆ. ಕಟ್ಟಡದ ಸ್ವಂತ ಭಾರ ಅದೇ ಕೀಲನ್ನು ಅದುಮುತ್ತದೆ. ಬೋಲ್ಟಿನ ಪಾಲಿಗೆ ಬರುವುದು ಇವೆರಡರ ವ್ಯತ್ಯಾಸ. ಎಳೆತ 100, ಅದುಮು 75 ಎಂದಿಟ್ಟುಕೊಂಡರೆ ಬೋಲ್ಟ್ ಹೊರುವುದು 25. ಎಳೆತ 140ಕ್ಕೆ ಏರಿದರೆ ಅದುಮು ಮೊದಲಿನಷ್ಟೇ ಇರುವುದರಿಂದ ಬೋಲ್ಟಿನ ಮೇಲೆ 65 ಬೀಳುತ್ತದೆ, ಅಂದರೆ ಎರಡೂವರೆ ಪಟ್ಟಿಗೂ ಮೇಲೆ. ಕೂಡುವ, ಕಳೆಯುವ ಸರಳ ಗಣಿತ ಇದು. ಹೆಸರಾಂತ ಕಚೇರಿಯಲ್ಲಿ ಅನುಭವಿಗಳೆಲ್ಲ ಕೂಡಿ ಮಾಡಿದ ಕೆಲಸದಲ್ಲಿ ಇದು ಯಾರ ಕಣ್ಣಿಗೂ ಬೀಳದೆ ಉಳಿಯಿತು. ಹೊರಗಿನವರು ಕೇಳಿದ ಮೇಲೆ ಕಣ್ಣಿಗೆ ಬಿತ್ತು.

ಮುಂದಿನದು ಇನ್ನಷ್ಟು ಯೋಚಿಸಬೇಕಾದ ಸಂಗತಿ. ಲೆಮೆಸ್ಯೂರಿಯರ್ ತಪ್ಪನ್ನು ಮುಚ್ಚಿಡದೆ ಮಾಲೀಕರಿಗೆ ತಿಳಿಸಿದರು. ಆ ವರ್ಷದ ಬೇಸಿಗೆಯಲ್ಲಿ, ಉದ್ಯೋಗಿಗಳು ಮನೆಗೆ ಹೋದ ಮೇಲೆ, ರಾತ್ರಿಯಿಡೀ ಇನ್ನೂರಕ್ಕೂ ಹೆಚ್ಚು ಕೀಲುಗಳಿಗೆ ಎರಡು ಇಂಚು ದಪ್ಪದ ಉಕ್ಕಿನ ಹಲಗೆಗಳನ್ನು ವೆಲ್ಡ್ ಮಾಡಲಾಯಿತು. ಸೆಪ್ಟೆಂಬರ್‌ನಲ್ಲಿ ‘ಎಲ್ಲಾ’ ಎಂಬ ಹೆಸರಿನ ಚಂಡಮಾರುತ ಕರಾವಳಿಯತ್ತ ಸಾಗಿಬಂದು, ಅದೃಷ್ಟವಶಾತ್ ಸಮುದ್ರದ ಕಡೆಗೆ ತಿರುಗಿತು. ಇಷ್ಟೆಲ್ಲ ನಡೆದದ್ದು ಸುತ್ತಮುತ್ತ ವಾಸವಿದ್ದ ಜನರಿಗೆ ತಿಳಿದದ್ದು 1995ರಲ್ಲಿ, ಒಂದು ನಿಯತಕಾಲಿಕದ ಲೇಖನದ ಮೂಲಕ, ಹದಿನೇಳು ವರ್ಷಗಳ ನಂತರ. ಮೂಲೆಗಾಳಿಯ ಅಪಾಯ ಆಗ ಭಾವಿಸಿದಷ್ಟು ತೀವ್ರವಾಗಿರಲಿಲ್ಲ ಎಂದು ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಸಂಶೋಧಕರು ವಾದಿಸಿದ್ದಾರೆ. ಈ ವಾದವೂ ಸಾಧ್ಯವಾದದ್ದು ಮಾಹಿತಿ ಬಹಿರಂಗವಾದ ಮೇಲೆಯೇ. ಅಡಗಿಸಿಟ್ಟ ಲೆಕ್ಕವನ್ನು ಯಾರೂ ಸರಿ ಎಂದೂ ಹೇಳಲಾರರು, ತಪ್ಪು ಎಂದೂ ಹೇಳಲಾರರು. ಸಿಟಿಕಾರ್ಪ್ ಪ್ರಕರಣಕ್ಕೆ ಹತ್ತು ವರ್ಷ ಮೊದಲು, 1968ರ ಮೇ 16ರಂದು, ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಗಳ ಹೊಸ ವಸತಿ ಕಟ್ಟಡದ 18ನೇ ಮಹಡಿಯ ಅಡುಗೆಮನೆಯಲ್ಲಿ ಅನಿಲ ಸ್ಫೋಟಗೊಂಡು ಕಟ್ಟಡದ ಒಂದು ಮೂಲೆಯೇ ಕುಸಿದು ನಾಲ್ವರು ಸತ್ತಾಗ, ಬ್ರಿಟನ್ ಸರ್ಕಾರ ವಿಚಾರಣೆ ನಡೆಸಿ ವರದಿಯನ್ನು ಜನರ ಮುಂದಿಟ್ಟಿತು. ಒಂದು ಭಾಗಕ್ಕೆ ಪೆಟ್ಟು ಬಿದ್ದರೆ ಇಡೀ ಕಟ್ಟಡ ಸರಣಿಯಾಗಿ ಕುಸಿಯಬಾರದು ಎಂಬ ನಿಯಮ ಹುಟ್ಟಿದ್ದು ಆ ವರದಿಯ ಬೆನ್ನಿಗೆ.

ಇನ್ನು ನಮ್ಮ ಸ್ಥಿತಿಗೆ ಬರುತ್ತೇನೆ. ನಮ್ಮಲ್ಲಿ ಮಾನಕಗಳ ಕೊರತೆಯಿಲ್ಲ. 50 ಮೀಟರ್ ಮೀರಿದ ಕಾಂಕ್ರೀಟ್ ಕಟ್ಟಡಗಳಿಗೆಂದೇ ಐಎಸ್ 16700 ಎಂಬ ಮಾನಕ 2017ರಲ್ಲಿ ಬಂದಿದೆ. ಅದರ ಮಿತಿಗಳನ್ನು ಮೀರುವ ಕಟ್ಟಡಗಳು ತಜ್ಞರ ಪರಿಶೀಲನೆಗೆ ಒಳಪಡಬೇಕೆಂದೂ ಅದು ಹೇಳುತ್ತದೆ. ಮುಂಬೈ ಪಾಲಿಕೆಯಲ್ಲಿ ಅತಿ ಎತ್ತರದ ಕಟ್ಟಡಗಳಿಗಾಗಿಯೇ ತಾಂತ್ರಿಕ ಸಮಿತಿಯಿದೆ. ಜರ್ಮನಿಯಲ್ಲಿ ವಿನ್ಯಾಸ ಮಾಡಿದವರಿಗೆ ಸಂಬಂಧವಿಲ್ಲದ, ಸರ್ಕಾರದ ಮಾನ್ಯತೆ ಪಡೆದ ಪರಿಶೀಲನಾ ಎಂಜಿನಿಯರ್ ಲೆಕ್ಕವನ್ನು ನೋಡುವ ಪದ್ಧತಿ ಬಹಳ ಹಳೆಯದು. ನಮ್ಮಲ್ಲಿಯೂ ಹೆದ್ದಾರಿಯ ದೊಡ್ಡ ಸೇತುವೆ, ಮೆಟ್ರೊ ಮೇಲ್ಸೇತುವೆಗಳ ವಿನ್ಯಾಸಕ್ಕೆ ‘ಪ್ರೂಫ್ ಚೆಕ್’, ಅಂದರೆ ಬೇರೊಬ್ಬ ಎಂಜಿನಿಯರ್ ಲೆಕ್ಕವನ್ನು ಮತ್ತೆ ನೋಡುವ ಪದ್ಧತಿ, ರೂಢಿಯಲ್ಲಿದೆ. ಆದರೆ ನನ್ನ ಅನುಭವದಲ್ಲಿ ಬೆಂಗಳೂರಿನ ವಸತಿ ಗೋಪುರಗಳ ವಿಷಯದಲ್ಲಿ, ನಕ್ಷೆ ಮಂಜೂರಾತಿಯ ಹಂತದಲ್ಲಿ ಸೆಟ್‌ಬ್ಯಾಕ್, ಪಾರ್ಕಿಂಗ್, ಅಗ್ನಿಶಾಮಕ ವ್ಯವಸ್ಥೆಗಳ ಬಗ್ಗೆ ನಡೆಯುವಷ್ಟು ವಿಚಾರಣೆ ಕಟ್ಟಡದ ಗಟ್ಟಿತನದ ಬಗ್ಗೆ ನಡೆಯುವುದಿಲ್ಲ. ಬಿಲ್ಡರ್ ನೇಮಿಸಿದ, ಬಿಲ್ಡರ್‌ನಿಂದಲೇ ಶುಲ್ಕ ಪಡೆಯುವ ಒಬ್ಬ ಎಂಜಿನಿಯರ್ ಸಹಿ ಹಾಕಿದ ಪ್ರಮಾಣಪತ್ರ ಕಡತಕ್ಕೆ ಸೇರಿದರೆ ಆ ಅಧ್ಯಾಯ ಮುಗಿಯಿತು. ಅಂಥ ಸಹಿಗಳನ್ನು ನಾನೂ ಹಾಕಿದ್ದೇನೆ. ಒಮ್ಮೆ ಹದಿನೇಳು ಮಹಡಿಯ ಕಟ್ಟಡವೊಂದರ ಲೆಕ್ಕದಲ್ಲಿ, ನಂತರ ಸೇರಿಸಿದ ನೀರಿನ ಟ್ಯಾಂಕಿನ ಭಾರವನ್ನು ಕೆಳಗಿನ ಟ್ರಾನ್ಸ್‌ಫರ್ ಬೀಮಿಗೆ (ಮೇಲಿನ ಕಾಲಂಗಳ ಭಾರ ಹೊತ್ತು ಬೇರೆ ಕಾಲಂಗಳಿಗೆ ದಾಟಿಸುವ ಬೀಮು) ಸೇರಿಸುವುದನ್ನು ಮರೆತಿದ್ದೆ. ಆ ಮಾಲೀಕರು ತಾವಾಗಿಯೇ ಕಾಲೇಜೊಂದರ ಪ್ರಾಧ್ಯಾಪಕರಿಂದ ಪರಿಶೀಲನೆ ಮಾಡಿಸಿದ್ದರಿಂದ ತಪ್ಪು ಕಾಗದದ ಮೇಲೆಯೇ ಸಿಕ್ಕಿತು, ಬೀಮಿನ ಆಳ ಮತ್ತು ಕಂಬಿ ಹೆಚ್ಚಿದವು. ಆ ದಿನದಿಂದ ನನ್ನ ನಿಲುವು ಬದಲಾಗಿಲ್ಲ.

‘ಬೆಂಗಳೂರಿಗೆ ಭೂಕಂಪದ ಭಯವಿಲ್ಲ’ ಎಂಬ ಮಾತನ್ನು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ದೇಶದ ಭೂಕಂಪ ನಕ್ಷೆಯಲ್ಲಿ ನಮ್ಮದು ಬಹುಕಾಲ ಕಡಿಮೆ ಅಪಾಯದ ಎರಡನೆಯ ವಲಯವೆಂದು ಗುರುತಾಗಿದ್ದುದು ನಿಜ. ಆದರೆ 2001ರ ಜನವರಿ 26ರಂದು ಭುಜ್ ನಡುಗಿದಾಗ, ಕಂಪನದ ಕೇಂದ್ರದಿಂದ ಇನ್ನೂರು ಕಿ.ಮೀ.ಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಉರುಳಿದವು. ಅವುಗಳಲ್ಲಿ ಅನೇಕವು, ಮೇಲೆ ಇಟ್ಟಿಗೆ ಗೋಡೆಗಳಿಂದ ಬಿಗಿಯಾಗಿದ್ದು, ಕೆಳಗೆ ವಾಹನ ನಿಲುಗಡೆಗೆಂದು ಗೋಡೆಯಿಲ್ಲದೆ ಬರೀ ಕಾಲಂಗಳ ಮೇಲೆ ನಿಂತವು. ಮೇಲಿನ ಭಾಗವೆಲ್ಲ ಒಂದು ಪೆಟ್ಟಿಗೆಯಂತೆ ಚಲಿಸಿ, ಇಡೀ ತೂಗಾಟ ಆ ಕಾಲಂಗಳ ಮೇಲೆ ಬಿತ್ತು. ನಮ್ಮ ಬಡಾವಣೆಗಳಲ್ಲಿ ಇಂಥ ಕಟ್ಟಡಗಳು ಎಷ್ಟಿವೆ ಎಂದು ಓದುಗರು ತಮ್ಮ ಬೀದಿಯಲ್ಲೇ ನೋಡಬಹುದು. 2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನಲ್ಲಿ ಭೂಮಿ ಕಂಪಿಸಿದಾಗ ಸುಮಾರು ಸಾವಿರ ಕಿ.ಮೀ. ದೂರದ ಬ್ಯಾಂಕಾಕಿನಲ್ಲಿ ನಿರ್ಮಾಣ ಹಂತದ ಮೂವತ್ತಕ್ಕೂ ಹೆಚ್ಚು ಮಹಡಿಗಳ ಸರ್ಕಾರಿ ಕಟ್ಟಡವೊಂದು ಕ್ಷಣಗಳಲ್ಲಿ ಕುಸಿದು ಹಲವಾರು ಕಾರ್ಮಿಕರು ಸತ್ತರು. ಆ ನಗರದ ಉಳಿದ ಗೋಪುರಗಳು ತೂಗಾಡಿದರೂ ನಿಂತವು. ಲಿಫ್ಟ್ ಮತ್ತು ಮೆಟ್ಟಿಲುಗಳ ಸುತ್ತಲಿನ ಕಾಂಕ್ರೀಟ್ ಗೋಡೆಗಳ ವಿನ್ಯಾಸ ಹಾಗೂ ನಿರ್ಮಾಣದಲ್ಲಿ ದೋಷವಿತ್ತೆಂದು ಥಾಯ್ಲೆಂಡಿನ ತನಿಖೆ ಹೇಳಿತು. ಎತ್ತರದ ಕಟ್ಟಡ ನಿಧಾನವಾಗಿ ತೂಗುತ್ತದೆ. ದೂರದ ಭೂಕಂಪದ ನಿಧಾನವಾದ ಅಲೆಗಳು ಅದನ್ನೇ ಹುಡುಕಿಕೊಂಡು ಬರುವಂತೆ ತಲುಪುತ್ತವೆ.

ಕಾಗದದ ಮೇಲಿನ ಲೆಕ್ಕ ಸರಿಯಿದ್ದರೂ ಸ್ಥಳದಲ್ಲಿ ಕೆಡಬಹುದು. ಒಂದು ಉದಾಹರಣೆ ಸಾಕು. ಕಾಲಂನ ಉದ್ದ ಕಂಬಿಗಳನ್ನು ಸುತ್ತುವರಿದ ರಿಂಗುಗಳ ಕೊನೆಯನ್ನು 135 ಡಿಗ್ರಿಗೆ ಬಗ್ಗಿಸಿ ಒಳಗಿನ ಕಾಂಕ್ರೀಟಿಗೆ ಸೇರಿಸಬೇಕೆಂದು, ಕಾಂಕ್ರೀಟ್ ಕಟ್ಟಡ ಭೂಕಂಪ ತಾಳುವಂತೆ ಕಂಬಿ ಕಟ್ಟುವ ಬಗೆಗಿನ ಮಾನಕ ಐಎಸ್ 13920 ಹೇಳುತ್ತದೆ. ಕೆಲಸ ಬೇಗ ಆಗಲೆಂದು ಎಷ್ಟೋ ಕಡೆ 90 ಡಿಗ್ರಿಗೇ ಬಗ್ಗಿಸಿ ಬಿಡುತ್ತಾರೆ. ಭೂಕಂಪದಲ್ಲಿ ಹೊರಗಿನ ಕಾಂಕ್ರೀಟ್ ಉದುರಿದ ಕೂಡಲೇ ಅಂಥ ರಿಂಗು ಬಿಚ್ಚಿಕೊಳ್ಳುತ್ತದೆ, ಕಂಬಿಗಳು ಹೊರಕ್ಕೆ ಬಾಗುತ್ತವೆ. ಕಾಂಕ್ರೀಟ್ ಸುರಿದ ಮೇಲೆ ಇದನ್ನು ಬರಿಗಣ್ಣಿಂದ ಪತ್ತೆ ಮಾಡಲಾಗದು. ಸೆಂಟ್ರಿಂಗ್ ಮುಚ್ಚುವ ಮುನ್ನ ಯಾರಾದರೂ ಬಗ್ಗಿ ನೋಡಿರಬೇಕು.

ಕೊನೆಯದಾಗಿ ನಾನು ವಾಸವಿರುವ ಅಪಾರ್ಟ್‌ಮೆಂಟಿನ ಸಂಗತಿ. ನಮ್ಮದು ‘ಮೈವಾನ್’ ಎಂದು ಕರೆಯುವ ಅಲ್ಯೂಮಿನಿಯಂ ಶಟರಿಂಗ್‌ನಲ್ಲಿ ಎರಕ ಹೊಯ್ದ ಕಟ್ಟಡ. ಇದರಲ್ಲಿ ಕೋಣೆಗಳ ನಡುವಿನ ಗೋಡೆಗಳೂ ಇಟ್ಟಿಗೆಯವಲ್ಲ, ಬಹುಪಾಲು ಭಾರ ಹೊರುವ, ಕಂಬಿ ಹಾಕಿದ ಕಾಂಕ್ರೀಟ್ ಗೋಡೆಗಳು. ಇದನ್ನು ಅಲ್ಲಿ ಮನೆ ಕೊಂಡವರಿಗೆ ಯಾರೂ ಹೇಳಿರಲಿಲ್ಲ. ಹನ್ನೊಂದನೆಯ ಮಹಡಿಯ ಒಂದು ಕುಟುಂಬ ಅಡುಗೆಮನೆಯನ್ನು ಹಜಾರಕ್ಕೆ ತೆರೆಯಿಸಲೆಂದು ಇಂಟೀರಿಯರ್ ಕೆಲಸದವರನ್ನು ಕರೆಸಿತು. ಅವರು ಯಂತ್ರದಿಂದ ಗೋಡೆ ಕೊಯ್ಯತೊಡಗಿದ್ದರು. ಸದ್ದು ಕೇಳಿ ಹತ್ತಿ ಹೋದಾಗ ಕಂಬಿಗಳು ಹೊರಗೆ ಕಾಣುತ್ತಿದ್ದವು. ಆ ಮನೆಯ ಯಜಮಾನರು ಒಳ್ಳೆಯವರು, ವಿಷಯ ತಿಳಿದ ಕೂಡಲೇ ಕೆಲಸ ನಿಲ್ಲಿಸಿದರು. ಅವರನ್ನು ನಾನು ದೂರಲಾರೆ. ಕತ್ತರಿಸಿದ ಭಾಗವನ್ನು ಸರಿಪಡಿಸಲು ಆ ಗೋಡೆಯ ಕಂಬಿಯ ವಿವರ ಬೇಕಾಯಿತು. ನಿವಾಸಿಗಳ ಸಂಘದ ಬೀರುವಿನಲ್ಲಿ ವಿದ್ಯುತ್, ಲಿಫ್ಟ್, ಕೊಳಚೆನೀರು ಶುದ್ಧೀಕರಣ ಘಟಕಗಳ ಕಡತಗಳಿದ್ದವು, ಸ್ಟ್ರಕ್ಚರಲ್ ಡ್ರಾಯಿಂಗ್ ಒಂದೂ ಇರಲಿಲ್ಲ. ಬಿಲ್ಡರ್ ಕಚೇರಿಗೆ ಮೂರು ಬಾರಿ ಪತ್ರ ಬರೆದೆವು, ಉತ್ತರ ಬರಲಿಲ್ಲ.

ಇದಕ್ಕೆ ಹೊಸ ಕಾನೂನೇ ಬೇಕಾಗಿಲ್ಲ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬಿಲ್ಡರ್ ಅಗತ್ಯ ದಾಖಲೆ ಮತ್ತು ನಕ್ಷೆಗಳನ್ನು ನಿವಾಸಿಗಳ ಸಂಘಕ್ಕೆ ಒಪ್ಪಿಸಬೇಕು. ಆ ‘ನಕ್ಷೆಗಳು’ ಎಂಬ ಮಾತಿನಲ್ಲಿ, ನಿರ್ಮಾಣವಾದ ಸ್ಥಿತಿಯನ್ನು ತೋರಿಸುವ ಸ್ಟ್ರಕ್ಚರಲ್ ಡ್ರಾಯಿಂಗ್‌ಗಳೂ ಮಣ್ಣಿನ ಪರೀಕ್ಷೆಯ ವರದಿಯೂ ಸೇರಿವೆ ಎಂದು ರಾಜ್ಯದ ರೇರಾ ಪ್ರಾಧಿಕಾರ ಸ್ಪಷ್ಟಪಡಿಸಿದರೆ ಸಾಕು. ವಸತಿ ಯೋಜನೆಯ ನೋಂದಣಿಯ ವೇಳೆ ಸ್ಟ್ರಕ್ಚರಲ್ ಎಂಜಿನಿಯರ್ ಹೆಸರು ಕೊಡಬೇಕೆಂದು ಅದೇ ಕಾಯ್ದೆ ಈಗಲೇ ಹೇಳುತ್ತದೆ. ಅದರ ಪಕ್ಕದಲ್ಲಿ, 50 ಮೀಟರ್ ಮೀರಿದ ಪ್ರತಿ ಕಟ್ಟಡಕ್ಕೆ, ಬಿಲ್ಡರ್ ಆರಿಸದ ಪರಿಶೀಲಕರ ಹೆಸರು ಮತ್ತು ಅವರ ವರದಿ ಇರಲಿ. ಶುಲ್ಕವನ್ನು ಬಿಲ್ಡರ್ ನಗರ ಪಾಲಿಕೆಯಲ್ಲಿ ಕಟ್ಟಲಿ, ಪಾಲಿಕೆ ಪರಿಶೀಲಕರನ್ನು ನೇಮಿಸಲಿ. ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಕೆಲಸ ಬಲ್ಲ ಪ್ರಾಧ್ಯಾಪಕರಿದ್ದಾರೆ. ನಾನು ಕಂಡ ಯೋಜನೆಗಳಲ್ಲಿ ಇಡೀ ಗೋಪುರದ ಪರಿಶೀಲನೆಗೆ ತಗಲುವ ವೆಚ್ಚ ಅಲ್ಲಿನ ಒಂದು ಫ್ಲ್ಯಾಟಿನ ಬೆಲೆಯನ್ನೂ ಮುಟ್ಟುವುದಿಲ್ಲ. ಇದೇ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮನೆ ಒಪ್ಪಿಸಿದ ಐದು ವರ್ಷಗಳ ಒಳಗೆ ಗಮನಕ್ಕೆ ತಂದ ನಿರ್ಮಾಣ ದೋಷವನ್ನು ಬಿಲ್ಡರ್ 30 ದಿನಗಳಲ್ಲಿ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ನಮ್ಮ ಕಟ್ಟಡಕ್ಕೆ ಈಗ ನಾಲ್ಕು ವರ್ಷ. ಉಳಿದಿರುವ ಒಂದು ವರ್ಷದಲ್ಲಿ ದೋಷವಿದೆಯೇ ಇಲ್ಲವೇ ಎಂದು ನೋಡಲು ನಮ್ಮ ಕೈಯಲ್ಲಿ ಡ್ರಾಯಿಂಗ್ ಇರಬೇಕು. ಅದಕ್ಕಾಗಿ ನಮ್ಮ ಸಂಘ ಈ ತಿಂಗಳು ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸುತ್ತಿದೆ. ಬೇರೆ ಸಂಘಗಳೂ ತಮ್ಮ ಬೀರುವನ್ನು ಒಮ್ಮೆ ತೆರೆದು ನೋಡಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಸ್ಟ್ರಕ್ಚರಲ್ ಎಂಜಿನಿಯರ್, ಬೆಂಗಳೂರು