ಟೈರು ಬದಲಿಸುವ ಮುಂಚೆ ಒಂದು ಮಾತು

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಮಿಷಿಗನ್ನಿನಲ್ಲಿ ನಾವಿಬ್ಬರೂ ಕ್ಷೇಮ. ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಬೋಟ್ ಟ್ರೈಲರಿನ ಎಡಗಡೆ ಟೈರಿನ ಒಳಮಗ್ಗುಲು ಪೂರ್ತಿ ನುಣ್ಣಗಾಗಿದೆ, ಹೊರಮಗ್ಗುಲಿನ ಬಟನ್ನು (ರಬ್ಬರಿನ ಉಬ್ಬು) ಇನ್ನೂ ಚೆನ್ನಾಗಿಯೇ ಇದೆ. ಬಲಗಡೆ ಟೈರಿಗೆ ಏನೂ ಆಗಿಲ್ಲ. ಎರಡು ಹೊಸ ಟೈರು ಹಾಕಿಸಿ ಮುಂದಿನ ವಾರ ಕಡಲ ಬದಿಯ ವಿಲ್ಮಿಂಗ್ಟನ್ನಿಗೆ ಹೊರಡುತ್ತೇವೆ ಅಂತ ಬರೆದಿದ್ದೀಯ. ಹಾಕಿಸು, ಬೇಡ ಅನ್ನುವುದಿಲ್ಲ. ಆದರೆ ಹಳೆಯದು ಯಾಕೆ ಹೀಗೆ ಸವೆಯಿತು ಅಂತ ಗೊತ್ತಾಗದೆ ಹೊರಡಬೇಡಪ್ಪ. ಕಾರಣ ಹಾಗೇ ಉಳಿದರೆ ಹೊಸ ಟೈರೂ ಅದೇ ಜಾಗದಲ್ಲಿ ಸವೆಯುತ್ತದೆ. ಷಾರ್ಲಟ್‌ನಿಂದ ಅಲ್ಲಿಗೆ ಹೆಚ್ಚುಕಡಿಮೆ 200 ಮೈಲಿ. ಟ್ರೈಲರಿನ ಟೈರು ಸಿಡಿದರೆ ಮುಂದೆ ಸ್ಟಿಯರಿಂಗ್ ಹಿಡಿದವನಿಗೆ ಎಷ್ಟೋ ಸಲ ತಕ್ಷಣ ಗೊತ್ತೇ ಆಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಕಿತ್ತುಬಂದ ರಬ್ಬರು ಫೆಂಡರನ್ನು ಮುರಿದು ದೀಪದ ವೈರನ್ನೂ ಎಳೆದುಹಾಕಿರುತ್ತದೆ. ಕಾರಿನಲ್ಲಿ ಮಕ್ಕಳಿರುತ್ತಾರೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಟೈರು ಬಿಚ್ಚುವಾಗ ಸೀಮೆಸುಣ್ಣದಲ್ಲಿ ಅದರ ಮೇಲೆ ‘ಎಡ’, ‘ಬಲ’ ಅಂತ ಬರೆದು, ಮುಂದಕ್ಕೆ ಉರುಳುವ ದಿಕ್ಕಿಗೆ ಒಂದು ಬಾಣ ಹಾಕು. ಅಂಗಡಿಯವರಿಗೆ ಬಿಟ್ಟುಬರಬೇಡ, ಮನೆಗೆ ತಾ. ಸವೆದ ರೀತಿಯೇ ಮುಕ್ಕಾಲು ವಿಷಯ ಹೇಳುತ್ತದೆ. ನಡುಭಾಗ ಸವೆದಿದ್ದರೆ ಭಾರಕ್ಕೆ ಮೀರಿ ಗಾಳಿ ತುಂಬಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಇಲ್ಲವೇ ಭಾರ ಹೆಚ್ಚು. ನಿನ್ನದು ಎರಡೂ ಅಲ್ಲ. ಎರಡು ಚಕ್ರಗಳಲ್ಲೂ ಒಳಮಗ್ಗುಲು ಹೋಗಿದ್ದರೆ ಆಕ್ಸಲ್, ಅಂದರೆ ಎರಡೂ ಚಕ್ರಗಳ ನಡುವಿನ ಅಡ್ಡದಂಡ, ಭಾರಕ್ಕೆ ನಡುವೆ ಬಾಗಿದೆ ಅನ್ನುತ್ತಿದ್ದೆ. ಒಂದರಲ್ಲಿ ಮಾತ್ರ ಅಂದರೆ ದೋಷ ಬಹುಪಾಲು ಆ ಚಕ್ರದ ಹತ್ತಿರವೇ ಇದೆ. ಬೇರಿಂಗು ಸಡಿಲವಾಗಿರಬೇಕು, ಚಕ್ರ ತಿರುಗುವ ಗೂಟ, ಅಂದರೆ ಸ್ಪಿಂಡಲ್ ಬಾಗಿರಬೇಕು, ಇಲ್ಲವೇ ಆ ಚಕ್ರವನ್ನು ಆಕ್ಸಲಿಗೆ ಹಿಡಿದಿರುವ ಟಾರ್ಷನ್ ತೋಳು ಸೋತಿರಬೇಕು.

ಫೋಟೋದಲ್ಲಿ ಕಾಣದ್ದೊಂದಿದೆ, ಅದನ್ನು ಕೈಯಿಂದಲೇ ನೋಡಬೇಕು. ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಎಳೆ, ಆಮೇಲೆ ಹೊರಗಿನಿಂದ ಒಳಕ್ಕೆ ಎಳೆ. ಟೈರಿನೊಳಗಿನ ತಂತಿ ಎದ್ದಿದೆಯಾ ಅಂತ ಮೊದಲು ನೋಡಿಕೋ, ಇದ್ದರೆ ಕೈ ಕುಯ್ಯುತ್ತದೆ. ಒಂದು ದಿಕ್ಕಿಗೆ ನಯವಾಗಿ ಜಾರಿ ಇನ್ನೊಂದು ದಿಕ್ಕಿಗೆ ಬಟನ್ನಿನ ಅಂಚುಗಳು ಚುರುಚುರು ತಾಗಿದರೆ ಚಕ್ರ ನೇರ ಉರುಳುತ್ತಿಲ್ಲ, ಅಡ್ಡಡ್ಡ ಉಜ್ಜಿಕೊಂಡು ಬರುತ್ತಿದೆ ಅಂತ ಅರ್ಥ. ಎರಡು ಕಡೆಗೂ ನಯವಾಗಿದ್ದು ಒಂದು ಮಗ್ಗುಲು ಮಾತ್ರ ಇಳಿದಿದ್ದರೆ ಚಕ್ರದ ತಲೆ ಒಳಕ್ಕೆ ವಾಲಿದೆ. ಅಲ್ಲಲ್ಲಿ ಹಳ್ಳ ಬಿದ್ದಿದ್ದರೆ ಬೇರಿಂಗಿನ ಸಡಿಲ ಅಥವಾ ಬ್ಯಾಲೆನ್ಸ್ ಇಲ್ಲದ ಚಕ್ರ.

ಮೊದಲು ಬೇರಿಂಗು ನೋಡು. ಅದು ಸಡಿಲವಿದ್ದರೆ ಮುಂದಿನ ಅಳತೆಗಳೆಲ್ಲ ಸುಳ್ಳಾಗುತ್ತವೆ. ಟ್ರೈಲರ್ ಗಾಡಿಗೆ ಕಟ್ಟಿಯೇ ಇರಲಿ, ಇನ್ನೊಂದು ಕಡೆಯ ಚಕ್ರಕ್ಕೆ ಹಿಂದೆ ಮುಂದೆ ಅಡ್ಡೆ ಕೊಡು. ಜಾಕನ್ನು ಚೌಕಟ್ಟಿನ ಕೆಳಗೆ ಇಡು. ನಿನ್ನದು ಟಾರ್ಷನ್ ಆಕ್ಸಲ್, ಸ್ಪ್ರಿಂಗಿನ ಬದಲು ಕೊಳವೆಯೊಳಗೆ ರಬ್ಬರು ಇರುವಂಥದ್ದು, ಆ ಕೊಳವೆಗೆ ಜಾಕ್ ಕೊಟ್ಟರೆ ಕೊಳವೆಯೇ ಬಾಗೀತು. ಚಕ್ರ ನೆಲ ಬಿಟ್ಟ ಮೇಲೆ ಟೈರಿನ ಮೇಲ್ತುದಿ ಕೆಳತುದಿ ಹಿಡಿದು ತಳ್ಳಿ ಎಳೆ. ಟಕ್ ಟಕ್ ಅಂದರೆ ಸಡಿಲ. ಆಮೇಲೆ ತಿರುಗಿಸಿ ಕಿವಿಗೊಡು, ಗರಗರ ಅನ್ನಬಾರದು. ಚಕ್ರದ ನಡುವಿನ ಹಬ್ಬಿನ ಮುಚ್ಚಳ ತೆಗೆದು ಗ್ರೀಸನ್ನು ಬೆರಳಿಗೆ ಹಚ್ಚಿ ನೋಡು. ಹಾಲು ಬೆರೆತ ಹಾಗೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಹಬ್ಬನ್ನು ಬೋಟು ಇಳಿಸುವ ರ‍್ಯಾಂಪಿನಲ್ಲಿ ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ, ಸೀಲು ಹಳೆಯದಾಗಿದ್ದರೆ ನೀರನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ನೀನು ಲೇಕ್ ನಾರ್ಮನ್ನಿನ ಸಿಹಿನೀರಿನಲ್ಲಷ್ಟೇ ಇಳಿಸಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಸಮುದ್ರದ ಉಪ್ಪುನೀರು ಬೇರಿಂಗನ್ನೂ ತಿನ್ನುತ್ತದೆ, ಟಾರ್ಷನ್ ಕೊಳವೆಯನ್ನೂ ತಿನ್ನುತ್ತದೆ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯುತ್ತಿದ್ದೀಯಾ? ಫೋಟೋದಲ್ಲಿ ತುಕ್ಕು ನೋಡಿದರೆ ಅನುಮಾನ.

ಬೇರಿಂಗು ಗಟ್ಟಿ ಇದ್ದರೆ ಅಳತೆಗೆ ಕೂರು. ಬೋಟು ಮೇಲೇ ಇರಲಿ, ಖಾಲಿ ಟ್ರೈಲರ್ ಅಳೆದರೆ ಉಪಯೋಗವಿಲ್ಲ. ಸಮನಾದ ನೆಲದಲ್ಲಿ ನಾಲ್ಕಾರು ಅಡಿ ನೇರ ಮುಂದಕ್ಕೆ ಎಳೆದು ನಿಲ್ಲಿಸು. ಚಕ್ರದ ರಿಮ್ಮಿಗೆ ಲಂಬವಾಗಿ ಒಂದು ನೇರ ಪಟ್ಟಿ ಹಿಡಿದು ಅದಕ್ಕೆ ಲೆವೆಲ್ ಇಡು. ಎಡ ಬಲ ಎರಡೂ ನೋಡಿ ಹೋಲಿಸು. ಎಡಗಡೆಯದು ಮಾತ್ರ ತಲೆ ಒಳಕ್ಕೆ ಹಾಕಿದ್ದರೆ ಸ್ಪಿಂಡಲ್ಲೋ ತೋಳೋ ಬಾಗಿದೆ. ಯಾವುದಾದರೂ ಕಲ್ಲುಕಟ್ಟೆಗೆ ಆ ಚಕ್ರ ಹತ್ತಿ ಇಳಿದದ್ದು ನೆನಪಿದೆಯಾ, ಯೋಚಿಸು. ಆಮೇಲೆ ಗಾಡಿಗೆ ಕೊಂಡಿ ಹಾಕುವ ಕಪ್ಲರಿನ ನಡುಬಿಂದುವಿನಿಂದ ಎರಡೂ ಹಬ್ಬಿನ ನಡುವಿಗೆ ಟೇಪು ಹಿಡಿ. ಎರಡು ಅಳತೆಗಳ ನಡುವೆ 1/8 ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆಕ್ಸಲ್ ಓರೆಯಾಗಿದೆ, ಬೋಲ್ಟು ಸಡಿಲಿಸಿ ನೇರ ಮಾಡಿದರೆ ಸರಿಹೋಗುತ್ತದೆ. ಸ್ಪಿಂಡಲ್ ಬಾಗಿದ್ದರೆ ಹಾಗಲ್ಲ. ಕಾಯಿಸಿ ನೆಟ್ಟಗೆ ಮಾಡಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಟಾರ್ಷನ್ ಆಕ್ಸಲಿನ ಒಳಗೆ ಭಾರ ಹೊರುವುದೇ ರಬ್ಬರು, ಬೆಂಕಿ ತಾಗಿದರೆ ಅದು ಹಾಳು. ಆಕ್ಸಲ್ಲೇ ಬದಲಿಸಬೇಕು. ಖರ್ಚು ಬರುತ್ತದೆ, ಬರಲಿ.

ಭಾರದ ಲೆಕ್ಕವನ್ನೂ ಒಮ್ಮೆ ಮಾಡು. ಬೋಟಿನ ಪುಸ್ತಕದಲ್ಲಿ ಕೊಟ್ಟ ತೂಕದಲ್ಲಿ ಪೆಟ್ರೋಲು, ಬ್ಯಾಟರಿ, ಲಂಗರು, ನಿಮ್ಮ ಐಸ್ ಪೆಟ್ಟಿಗೆ ಯಾವುದೂ ಸಾಮಾನ್ಯವಾಗಿ ಸೇರಿರುವುದಿಲ್ಲ. 40 ಗ್ಯಾಲನ್ ಪೆಟ್ರೋಲೇ ಸುಮಾರು 240 ಪೌಂಡ್. ಹೆದ್ದಾರಿಯ ಟ್ರಕ್ ಸ್ಟಾಪಿನಲ್ಲಿ ತೂಕದ ಕಟ್ಟೆ ಇರುತ್ತದೆ, ಎಲ್ಲ ತುಂಬಿಕೊಂಡು ಹೋಗಿ ತೂಗಿಸಿ, ಟ್ರೈಲರಿನ ತಗಡಿನ ಮೇಲೆ ಬರೆದ ಮಿತಿಯೊಡನೆ ಹೋಲಿಸು. ಹಾಗೆಯೇ ಹಿಂದೆ ನಿಂತು ಬೋಟು ಟ್ರೈಲರಿನ ನಟ್ಟನಡುವೆ ಕೂತಿದೆಯಾ ನೋಡು. ಎಡಕ್ಕೆ ಜರುಗಿ ಕೂತಿದ್ದರೆ ಆ ಚಕ್ರಕ್ಕೇ ಹೆಚ್ಚು ಭಾರ.

ಹೊಸ ಟೈರಿನ ಮೇಲೆ ‘ಎಸ್‌ಟಿ’ ಅಂತ ಇರಬೇಕು. ಅದು ಟ್ರೈಲರಿಗೆಂದೇ ಮಾಡಿದ್ದು, ಕಾರಿನ ಟೈರು ಹಾಕಿಸಬೇಡ. ನಿನ್ನ 205/75 ಆರ್14 ಅಳತೆಯ ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಸಿ ಟೈರು 1,760 ಪೌಂಡ್ ಹೊರುವುದು 50 ಪಿಎಸ್‌ಐ ಗಾಳಿ ಇದ್ದಾಗ ಮಾತ್ರ. ಕಾರಿನ ಬಾಗಿಲಲ್ಲಿ ಅಂಟಿಸಿರುವ ಸಂಖ್ಯೆ ಟ್ರೈಲರಿಗೆ ಅಲ್ಲ. ಗಾಳಿಯನ್ನು ಬೆಳಿಗ್ಗೆ ಹೊರಡುವ ಮುಂಚೆ, ಟೈರು ತಣ್ಣಗಿರುವಾಗ ನೋಡು. ಕೊಳ್ಳುವಾಗ ಮಗ್ಗುಲಲ್ಲಿರುವ ‘ಡಾಟ್’ ಸಾಲಿನ ಕೊನೆಯ ನಾಲ್ಕು ಅಂಕಿ ಓದು. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಬೋಟಿನ ಟ್ರೈಲರ್ ಓಡುವುದಕ್ಕಿಂತ ಬಿಸಿಲಲ್ಲಿ ನಿಲ್ಲುವುದೇ ಹೆಚ್ಚು, ಬಟನ್ನು ಚೆನ್ನಾಗಿದ್ದರೂ ಐದಾರು ವರ್ಷಕ್ಕೆ ರಬ್ಬರು ಸಾಯುತ್ತದೆ. ನಿನ್ನ ಸ್ಟೆಪ್ನಿಯ ಅಂಕಿಯನ್ನೂ ನೋಡು, ಅದನ್ನು ಯಾರೂ ನೋಡುವುದಿಲ್ಲ.

ನಟ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ ಬಿಗಿಮಾಡಿಸು, 50 ಮೈಲಿ ಓಡಿದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿಮಾಡು. ನಿಂತಾಗಲೆಲ್ಲ ಹಬ್ಬಿನ ಹತ್ತಿರ ಕೈ ಹಿಡಿದು ನೋಡು. ಒಂದು ಇನ್ನೊಂದಕ್ಕಿಂತ ಬಹಳ ಬಿಸಿ ಇದ್ದರೆ ಮುಂದೆ ಹೋಗಬೇಡ. ವೇಗ 65 ಮೈಲಿ ದಾಟದಿರಲಿ.

ಶನಿವಾರ ಬೆಳಿಗ್ಗೆ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಫೋನ್ ಮಾಡು. ಎಡಚಕ್ರದ್ದು, ಬಲಚಕ್ರದ್ದು, ಕಪ್ಲರಿನಿಂದ ಎರಡು ಕಡೆಯದು. ಚಕ್ರ ಎತ್ತಿದಾಗ ವೀಡಿಯೋ ಕರೆ ಮಾಡಿದರೆ ಇನ್ನೂ ಒಳ್ಳೆಯದು. ಆಕ್ಸಲ್ ಬದಲಿಸಬೇಕಾಗಿ ಬಂದರೆ ಪ್ರವಾಸ ಎರಡು ವಾರ ಮುಂದಕ್ಕೆ ಹಾಕು, ಮಕ್ಕಳಿಗೆ ನಾನೇ ಹೇಳುತ್ತೇನೆ. ರಶ್ಮಿಗೂ ಮಕ್ಕಳಿಗೂ ನಮ್ಮಿಬ್ಬರ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ಸೋದರಮಾವ